ಸ್ಟೀಲ್ ಪಾತ್ರೆಗೆ ಹುಣಸೆಯೋ, ಸೋಡಾವೋ, ನಿಂಬೆ ಉಪ್ಪೋ?

ಸ್ಟೀಲ್ ಪಾತ್ರೆ ತಿಕ್ಕುವುದಕ್ಕೆ ಯಾವುದು ಒಳ್ಳೆಯದು ಅಂತ ಕೇಳಿದರೆ ಹತ್ತು ಮನೆಯಲ್ಲಿ ಹತ್ತು ಉತ್ತರ ಸಿಗುತ್ತದೆ. ನಮ್ಮತ್ತೆಗೆ ಹುಣಸೆಹಣ್ಣೇ ಆಗಬೇಕು. ಪಕ್ಕದ ಮನೆಯವರು ಎಲ್ಲದಕ್ಕೂ ವಿನೆಗರ್ ಸುರಿಯುತ್ತಾರೆ. ಕೆಲಸಕ್ಕೆ ಬರುವ ಅಕ್ಕನಿಗೆ ತಂತಿ ಸ್ಕ್ರಬ್ಬರ್ ಇಲ್ಲದಿದ್ದರೆ ಪಾತ್ರೆ ತೊಳೆದ ಸಮಾಧಾನವೇ ಇಲ್ಲ. ನಮ್ಮದು ಬೆಂಗಳೂರಿನ ಹೊರಭಾಗದಲ್ಲಿ ಬೋರ್‌ವೆಲ್ ನೀರಿನ ಮನೆ. ಕಲೆಗಳಿಗೇನೂ ಬರ ಇಲ್ಲ. ಹಾಗಾಗಿ ಒಂದೊಂದು ಬಗೆಯ ಕಲೆಗೂ ಎರಡು ಮೂರು ವಸ್ತುಗಳನ್ನು ಅಕ್ಕಪಕ್ಕ ಹಚ್ಚಿ ನೋಡಿದೆ.

ಗೆದ್ದದ್ದು ಯಾವುದು ಅಂತ ಒಂದೇ ಹೆಸರು ಹೇಳೋಕೆ ಆಗಲ್ಲ. ಸೀದ ಕಲೆಗೆ ಅಡುಗೆ ಸೋಡಾದಂಥ ಕ್ಷಾರ ಬೇಕು. ಬಿಳಿ ಪೊರೆಗೂ ತುಕ್ಕಿಗೂ ಹುಳಿ ಬೇಕು. ಇವೆರಡನ್ನು ಅದಲುಬದಲು ಮಾಡಿದರೆ ತೋಳು ನೋಯುತ್ತದೆ, ಕಲೆ ಇದ್ದಲ್ಲೇ ಇರುತ್ತದೆ.

ಇಡ್ಲಿ ತಟ್ಟೆಯ ನಾಲ್ಕು ಕುಳಿ

ಬೋರ್ ನೀರು ಕುದಿಸುವ ಪಾತ್ರೆಗಳಲ್ಲಿ ಬಿಳಿ ಪೊರೆ ಕೂರುತ್ತದಲ್ಲ, ಅದು ಕ್ಯಾಲ್ಸಿಯಂ ಕಾರ್ಬೊನೇಟ್. ನೀರಿನಲ್ಲಿ ಕರಗಿದ್ದ ಸುಣ್ಣದ ಅಂಶ, ಬಿಸಿಯಾದಾಗ ಹೊರಬಂದು ಅಂಟಿಕೊಳ್ಳುತ್ತದೆ. ನಮ್ಮ ಇಡ್ಲಿ ಪಾತ್ರೆಯ ಒಳಗೆ ನೀರಿನ ಮಟ್ಟದವರೆಗೆ ಇದು ಯಾವಾಗಲೂ ಇರುತ್ತದೆ. ತಟ್ಟೆಗಳ ಕೆಳಭಾಗದಲ್ಲೂ ಮಬ್ಬು. ತಟ್ಟೆಗೆ ನಾಲ್ಕು ಕುಳಿ ಇರುವುದರಿಂದ ಹೋಲಿಕೆಗೆ ಅದಕ್ಕಿಂತ ಅನುಕೂಲದ ಜಾಗ ಇನ್ನೊಂದಿಲ್ಲ. ತಟ್ಟೆಯನ್ನು ಬೋರಲು ಹಾಕಿ, ಒಂದು ಉಬ್ಬಿಗೆ ಹುಣಸೆ ರಸ, ಇನ್ನೊಂದಕ್ಕೆ ನಿಂಬೆಹೋಳು, ಮೂರನೆಯದಕ್ಕೆ ವಿನೆಗರ್ ನೆನೆಸಿದ ಬಟ್ಟೆ, ನಾಲ್ಕನೆಯದಕ್ಕೆ ಬಿಸಿನೀರಿನಲ್ಲಿ ಕರಗಿಸಿದ ನಿಂಬೆ ಉಪ್ಪು. ಸಿಟ್ರಿಕ್ ಆಮ್ಲವನ್ನೇ ಅಂಗಡಿಯಲ್ಲಿ ನಿಂಬೆ ಉಪ್ಪು ಅನ್ನುತ್ತಾರೆ. ಸಕ್ಕರೆ ಹರಳಿನ ಹಾಗೆ ಕಾಣುತ್ತದೆ, ಪುಟ್ಟ ಪೊಟ್ಟಣ ತುಂಬ ದಿನ ಬರುತ್ತದೆ.

ನಿಂಬೆ ಉಪ್ಪು ಹಚ್ಚಿದ ಕಡೆ ತಕ್ಷಣ ಸಣ್ಣ ಗುಳ್ಳೆಗಳು ಎದ್ದವು. ಐದು ನಿಮಿಷಕ್ಕೆ ಬೆರಳಲ್ಲಿ ಸವರಿದರೆ ಸ್ಟೀಲ್ ನುಣ್ಣಗೆ ಸಿಕ್ಕಿತು. ತಿಕ್ಕುವ ಕೆಲಸವೇ ಇಲ್ಲ. ವಿನೆಗರ್ ಕೂಡ ಅಷ್ಟೇ ಚೆನ್ನಾಗಿ ತೆಗೆಯಿತು, ಆದರೆ ಹೊತ್ತು ಜಾಸ್ತಿ ಬೇಕಾಯಿತು. ಮನೆಯೆಲ್ಲ ಗೋಬಿ ಮಂಚೂರಿ ಅಂಗಡಿಯ ವಾಸನೆ ಬೇರೆ. ನಿಂಬೆಹೋಳಿನಿಂದಲೂ ಹೋಯಿತು. ಆದರೆ ಬೇಸಿಗೆಯಲ್ಲಿ ನಿಂಬೆಹಣ್ಣಿನ ಬೆಲೆ ನೋಡಿದರೆ ಪಾನಕಕ್ಕೆ ಇಟ್ಟುಕೊಳ್ಳುವುದೇ ಮೇಲು. ಹಿಂಡಿದ ಮೇಲಿನ ಸಿಪ್ಪೆಯಾದರೆ ಸರಿ.

ಹುಣಸೆಯ ಕಡೆ ಒಂದು ತೆಳು ಮಬ್ಬು ಉಳಿಯಿತು. ಹುಣಸೆಯಲ್ಲಿರುವುದು ಟಾರ್ಟಾರಿಕ್ ಆಮ್ಲ. ಅದು ಸುಣ್ಣದ ಜೊತೆ ಸೇರಿದಾಗ ಆಗುವ ಲವಣ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ವಿನೆಗರ್‌ನಿಂದ ಆಗುವ ಲವಣ ಚೆನ್ನಾಗಿ ಕರಗಿ ಹರಿದುಹೋಗುತ್ತದೆ. ಜೊತೆಗೆ ಹುಣಸೆಯ ನಾರು ತಟ್ಟೆಯ ತೂತುಗಳಲ್ಲಿ ಸಿಕ್ಕಿಕೊಂಡು ಕಡ್ಡಿ ಹಾಕಿ ತೆಗೆಯಬೇಕಾಯಿತು. ಅತ್ತೆಗೆ ಇದು ಇಷ್ಟವಾಗಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ. ಆದರೆ ಇಡ್ಲಿ ಬೇಯಿಸುವ ನೀರಿಗೇ ಒಂದು ಚೂರು ಹುಣಸೆ ಹಾಕುವ ಅವರ ಅಭ್ಯಾಸ ಮಾತ್ರ ಪಕ್ಕಾ. ಕೂತ ಪೊರೆ ತೆಗೆಯುವುದಕ್ಕಿಂತ ಕೂರದ ಹಾಗೆ ನೋಡಿಕೊಳ್ಳುವುದರಲ್ಲಿ ಹುಣಸೆ ಗೆಲ್ಲುತ್ತದೆ. ತಾಮ್ರ, ಹಿತ್ತಾಳೆಯ ಮಾತು ಬಂದರೆ ಇಂದಿಗೂ ಹುಣಸೆಯೇ ರಾಣಿ.

ಸೋಡಾ? ಬಿಳಿ ಪೊರೆಗೆ ಅದು ಏನೂ ಮಾಡುವುದಿಲ್ಲ. ವಿನೆಗರ್ ಮತ್ತು ಸೋಡಾ ಎರಡನ್ನೂ ಸುರಿದು ಬುಸ್ಸೆಂದು ನೊರೆ ಬರಿಸುವ ವಿಡಿಯೋಗಳು ಬೇಕಾದಷ್ಟಿವೆ. ನೋಡಲು ಚೆಂದ. ಆದರೆ ಹುಳಿಯೂ ಕ್ಷಾರವೂ ಒಂದನ್ನೊಂದು ಕೊಂದುಕೊಂಡು ಕೊನೆಗೆ ಉಳಿಯುವುದು ಸಪ್ಪೆ ನೀರು. ಎರಡನ್ನೂ ಬಳಸಬೇಕಿದ್ದರೆ ಬೇರೆ ಬೇರೆಯಾಗಿ, ನಡುವೆ ತೊಳೆದು ಬಳಸಿ.

ತೊಳೆದ ಖಾಲಿ ಪಾತ್ರೆ ಬಿಸಿಯಾದಾಗ ತಳದಲ್ಲಿ ನೀಲಿ, ನೇರಳೆ, ಹೊಂಬಣ್ಣ ಮೂಡುತ್ತದಲ್ಲ, ಅದು ಕೊಳೆಯಲ್ಲ. ಸ್ಟೀಲಿನ ಮೇಲ್ಪೊರೆ ಕಾವಿಗೆ ದಪ್ಪಗಾಗಿರುತ್ತದೆ. ಅದಕ್ಕೂ ನಿಂಬೆ ಉಪ್ಪಿನ ನೀರೇ ಸಾಕು. ಹಾಗೇ ಬಿಟ್ಟರೂ ನಷ್ಟವಿಲ್ಲ.

ತಳ ಹಿಡಿದ ಹಾಲು

ಇಲ್ಲಿ ಸೋಡಾದ ಎದುರು ಯಾರೂ ನಿಲ್ಲುವುದಿಲ್ಲ. ಸೀದ ಜಾಗ ಮುಳುಗುವಷ್ಟು ನೀರು, ಎರಡು ಚಮಚ ಅಡುಗೆ ಸೋಡಾ, ಸಣ್ಣ ಉರಿಯಲ್ಲಿ ಹತ್ತು ನಿಮಿಷ. ಕುದಿಯುತ್ತ ಕುದಿಯುತ್ತ ಅಂಚಿನಿಂದ ಕಂದು ಹಾಳೆಗಳು ಎದ್ದು ತೇಲುತ್ತವೆ. ಆರಿದ ಮೇಲೆ ಮರದ ಸೌಟಿನಿಂದ ಒತ್ತಿದರೆ ಉಳಿದದ್ದೂ ಸಿಪ್ಪೆಯಂತೆ ಬಿಡುತ್ತದೆ. ರಾತ್ರಿಯಿಡೀ ಸೋಪು ನೀರಲ್ಲಿ ನೆನೆಸಿಟ್ಟ ಪಾತ್ರೆಗೂ ಬೆಳಿಗ್ಗೆ ಇದೇ ಕೆಲಸ ಮಾಡಬೇಕಾಯಿತು. ವಿನೆಗರ್ ಹಾಕಿ ಕುದಿಸಿದ ಪಾತ್ರೆಯಲ್ಲಿ ಹಾಲಿನ ಪದರ ಅಲ್ಲಾಡಲೇ ಇಲ್ಲ. ಪಾಯಸ ಸೀದಿದ್ದರೆ ಬರೀ ಬಿಸಿನೀರು ಅರ್ಧ ಗೆಲ್ಲುತ್ತದೆ, ಸಕ್ಕರೆ ಕರಗುತ್ತದಲ್ಲ.

ಒಂದು ಎಚ್ಚರಿಕೆ. ಅಲ್ಯೂಮಿನಿಯಂ ಕುಕ್ಕರಿಗೆ ಸೋಡಾ ಹಾಕಿ ಕುದಿಸಬೇಡಿ. ಕ್ಷಾರ ಆ ಲೋಹವನ್ನೇ ತಿಂದು ಒಳಗೆ ಕಪ್ಪು ಮಾಡುತ್ತದೆ. ಇಲ್ಲಿ ಹೇಳುತ್ತಿರುವುದೆಲ್ಲ ಸ್ಟೀಲಿನ ಮಾತು.

ಬಾಣಲೆಯ ಹೊರಮೈಗೆ ಅಂಟುವ ಹಳದಿ ಜಿಡ್ಡು ಮಾತ್ರ ಸೋಡಾಕ್ಕೂ ಪೂರ್ತಿ ಬಗ್ಗುವುದಿಲ್ಲ. ಎಣ್ಣೆ ಕಾದು ಕಾದು ವಾರ್ನಿಶ್ ಆಗಿಬಿಟ್ಟಿರುತ್ತದೆ. ಸೋಡಾವನ್ನು ಪೇಸ್ಟ್ ಮಾಡಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆಂಗಿನ ನಾರಿನಲ್ಲಿ ಉಜ್ಜಿದರೆ ಮುಕ್ಕಾಲು ಪಾಲು ಹೋಗುತ್ತದೆ. ನನಗೆ ಅಷ್ಟು ಸಾಕು.

ತುಕ್ಕು

ಸ್ಟೀಲಿಗೆ ತುಕ್ಕು ಹಿಡಿಯಲ್ಲ ಅನ್ನುವುದು ಅರ್ಧ ಸತ್ಯ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕನಿಷ್ಠ 10.5 ಶೇಕಡ ಕ್ರೋಮಿಯಂ ಇರುತ್ತದೆ. ಅದು ಗಾಳಿಯ ಆಮ್ಲಜನಕದ ಜೊತೆ ಸೇರಿ ಕಣ್ಣಿಗೆ ಕಾಣದಷ್ಟು ತೆಳು ಪೊರೆ ಕಟ್ಟುತ್ತದೆ. ಗೀರು ಬಿದ್ದರೂ ಜಾಗ ಶುಚಿಯಾಗಿದ್ದರೆ ಪೊರೆ ತಾನೇ ಮತ್ತೆ ಕೂಡುತ್ತದೆ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ಬಂದೂಕಿನ ನಳಿಕೆಗೆ ಗಟ್ಟಿ ಉಕ್ಕು ಹುಡುಕುತ್ತ ಇಂಥ ಮಿಶ್ರಲೋಹ ಮಾಡಿದ್ದು. ಅದು ನಿಂಬೆರಸಕ್ಕೂ ವಿನೆಗರ್‌ಗೂ ಜಗ್ಗಲಿಲ್ಲ ಅಂತಲೇ ಚಾಕು ಚಮಚಗಳ ಕಡೆ ಅವರ ಗಮನ ಹೋಯಿತು. ಹಾಗಾಗಿ ಅಡುಗೆಮನೆಯ ಹುಳಿಗಳಿಗೆ ಹೆದರಬೇಕಿಲ್ಲ. ಹೆದರಬೇಕಾದ್ದು ಅಡುಗೆ ಉಪ್ಪಿಗೆ. ಉಪ್ಪಿನ ಕ್ಲೋರೈಡ್ ಆ ಪೊರೆಯನ್ನು ಒಂದೊಂದು ಬಿಂದುವಿನಲ್ಲಿ ಒಡೆದು ಒಳಗೆ ಕುಳಿ ಕೊರೆಯುತ್ತದೆ.

ಎರಡನೇ ಕಾರಣ ಇನ್ನೂ ಸಾಮಾನ್ಯ: ಹೊರಗಿನ ಕಬ್ಬಿಣ. ತೊಳೆದ ಕಬ್ಬಿಣದ ದೋಸೆ ಕಾವಲಿಯನ್ನು ನೀರು ಸೋರಲಿ ಅಂತ ಸಿಂಕಿನ ಪಕ್ಕದ ಸ್ಟೀಲ್ ಹಾಸಿನ ಮೇಲೆ ಒರಗಿಸಿದರೆ ಬೆಳಿಗ್ಗೆಗೆ ಅದರ ಅಂಚು ತಾಗಿದಲ್ಲಿ ಕಿತ್ತಳೆ ಗೆರೆ ತಯಾರು. ಆ ತುಕ್ಕು ಸಿಂಕಿನದಲ್ಲ, ಕಾವಲಿಯದು. ಇದೇ ಗೆರೆಯನ್ನು ಭಾಗ ಮಾಡಿಕೊಂಡು ಹೋಲಿಸಿದೆ.

ಹುಣಸೆ ಹಚ್ಚಿದ ಭಾಗ ತಿಳಿಯಾಯಿತು, ಪೂರ್ತಿ ಹೋಗಲಿಲ್ಲ. ನಿಂಬೆ ಉಪ್ಪಿನ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಅರ್ಧ ಗಂಟೆ ಹೊದಿಸಿಟ್ಟ ಭಾಗ ಒರೆಸಿದರೆ ಸ್ವಚ್ಛ. ಆಕ್ಸಾಲಿಕ್ ಆಮ್ಲ ಇರುವ ಪುಡಿಯ ಪೇಸ್ಟ್ ಹಚ್ಚಿದ ಭಾಗ ಒಂದೇ ನಿಮಿಷದಲ್ಲಿ ಹೊಸದರ ಹಾಗಾಯಿತು. ವೇಗ ನೋಡಿದರೆ ಇದೇ ಮೊದಲು, ಅನುಮಾನವಿಲ್ಲ. ಅಮೆರಿಕದಲ್ಲಿರುವ ನಮ್ಮವರು ಹೊಗಳುವ ಬಾರ್ ಕೀಪರ್ಸ್ ಫ್ರೆಂಡ್ ಪುಡಿಯಲ್ಲಿ ಇರುವುದೂ ಇದೇ ಆಮ್ಲ. 1882ರಿಂದ ಅಲ್ಲಿ ಮಾರಾಟದಲ್ಲಿದೆ. ಆದರೆ ಆಕ್ಸಾಲಿಕ್ ಆಮ್ಲ ಹೊಟ್ಟೆಗೆ ಹೋದರೆ ವಿಷ. ಕೈಗವಸು ಬೇಕು, ಪುಡಿ ಮೂಗಿಗೆ ಹೋಗಬಾರದು, ಆಮೇಲೆ ಚೆನ್ನಾಗಿ ತೊಳೆಯಬೇಕು. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ನಾನು ಅರ್ಧ ಗಂಟೆ ಕಾಯುತ್ತೇನೆ, ನಿಂಬೆ ಉಪ್ಪಿನಲ್ಲೇ ಮುಗಿಸುತ್ತೇನೆ. ಕಾರ್ಖಾನೆಗಳಲ್ಲೂ ಸ್ಟೀಲ್ ಭಾಗಗಳ ಮೇಲಿನ ಕಬ್ಬಿಣದ ಕಣ ತೆಗೆದು ಪೊರೆ ಗಟ್ಟಿ ಮಾಡಲು ನೈಟ್ರಿಕ್ ಆಮ್ಲ ಇಲ್ಲವೇ ಸಿಟ್ರಿಕ್ ಆಮ್ಲ ಬಳಸುತ್ತಾರೆ. ನಮ್ಮ ಹತ್ತು ರೂಪಾಯಿ ಪೊಟ್ಟಣಕ್ಕೆ ಅಷ್ಟು ದೊಡ್ಡ ಬಳಗ ಇದೆ!

ನಿಂಬೆಹೋಳಿಗೆ ಉಪ್ಪು ಅದ್ದಿ ತಿಕ್ಕುವ ಉಪಾಯ ಎಲ್ಲ ಕಡೆ ಓಡಾಡುತ್ತಿದೆ. ಅದು ಹಿತ್ತಾಳೆ ತಂಬಿಗೆಗೆ ಸೊಗಸಾಗಿ ಒಪ್ಪುತ್ತದೆ. ಸ್ಟೀಲಿಗೆ ಬೇಡ. ಹುಳಿ ಪೊರೆಯನ್ನು ಶುಚಿ ಮಾಡುವ ಹೊತ್ತಿಗೇ ಉಪ್ಪನ್ನೂ ತಂದು ಕೂರಿಸಿದಂತೆ. ಟಾಯ್ಲೆಟ್ ತೊಳೆಯುವ ದ್ರಾವಣ ಅಂತೂ ಸಿಂಕಿನ ಹತ್ತಿರ ಸುಳಿಯಬಾರದು. ಅವುಗಳಲ್ಲಿ ಹೆಚ್ಚಿನವುಗಳಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ. ಬ್ಲೀಚನ್ನೂ ದೂರವೇ ಇಡಿ. ಸ್ಟೀಲ್ ಬಕೆಟ್ಟಿನಲ್ಲಿ ಬ್ಲೀಚ್ ಹಾಕಿ ಬಟ್ಟೆ ನೆನೆಸಿಟ್ಟರೆ ತಳದಲ್ಲಿ ಕುಳಿ ಖಂಡಿತ. ಇನ್ನು ಬ್ಲೀಚಿನ ಜೊತೆ ಯಾವ ಹುಳಿಯನ್ನೂ ಬೆರೆಸಲೇಬೇಡಿ, ಕ್ಲೋರಿನ್ ಅನಿಲ ಏಳುತ್ತದೆ.

ತಿಕ್ಕುವ ವಸ್ತು

ನನ್ನ ಪ್ರಕಾರ ಪುಡಿ, ದ್ರಾವಣಗಳ ಆಯ್ಕೆಗಿಂತ ಇದು ಮುಖ್ಯ. ಇದರಲ್ಲೇ ಹೆಚ್ಚಿನವರ ತುಕ್ಕು ಹುಟ್ಟುವುದು.

ಕೂದಲಿನಷ್ಟು ಸಣ್ಣ ಎಳೆಯ ಸ್ಟೀಲ್ ವೂಲ್ ನಿಜವಾಗಿ ಮಾಮೂಲು ಕಬ್ಬಿಣದ್ದು. ಅಗ್ಗದ ಸುರುಳಿ ಸ್ಕ್ರಬ್ಬರ್‌ಗಳಲ್ಲೂ ಎಷ್ಟೋ ಬರೀ ಸತು ಬಳಿದ ತಂತಿ. ತಿಕ್ಕುವಾಗ ಎಳೆ ಮುರಿದು ಪಾತ್ರೆಯ ಗೀರಿನಲ್ಲಿ ಕೂರುತ್ತದೆ. ಸಿಂಕಿನ ಮೂಲೆಯಲ್ಲಿ ಹಾಗೆ ಉಳಿದ ಒಂದು ಎಳೆಯನ್ನು ಬೇಕೆಂದೇ ತೆಗೆಯದೆ ಬಿಟ್ಟೆ. ರಾತ್ರಿ ಬೂದು ಬಣ್ಣದ್ದು, ಕಂಡೂ ಕಾಣದ ಹಾಗಿತ್ತು. ಬೆಳಿಗ್ಗೆ ಅದೇ ಜಾಗದಲ್ಲಿ ಒಂದು ಕಿತ್ತಳೆ ಗೀಟು, ಸುತ್ತ ಕಂದು ನೀರಿನ ಕಲೆ. ಎಳೆ ಎತ್ತಿದ ಮೇಲೂ ಕಲೆ ಉಳಿದಿತ್ತು. ಇಂಥವು ನೂರು ಸೇರಿದರೆ "ಈ ಸ್ಟೀಲೇ ಸರಿ ಇಲ್ಲ" ಅಂತ ಅಂಗಡಿಯವನನ್ನು ಬೈಯುತ್ತೇವೆ.

ಹಸಿರು ಸ್ಕ್ರಬ್ ಕಬ್ಬಿಣ ಬಿಡುವುದಿಲ್ಲ, ಆದರೆ ಗೀರುತ್ತದೆ. ಹೊಳೆಯುವ ತಟ್ಟೆಯ ಮೇಲೆ ಬೆಳಕು ಬಿದ್ದಾಗ ಸುತ್ತು ಗೀರುಗಳು ಕಾಣುತ್ತವೆ. ಬಾಣಲೆ, ಕುಕ್ಕರಿನ ಒಳಗೆ ಪರವಾಗಿಲ್ಲ. ಬೂದಿ ಜಿಡ್ಡನ್ನು ಚೆನ್ನಾಗಿ ತೆಗೆಯುತ್ತದೆ, ಅದರಲ್ಲಿ ಕ್ಷಾರ ಇದೆ. ಆದರೆ ಮರಳಿನ ಕಣ ಇದ್ದರೆ ಹೊಳಪು ಹೋಗುತ್ತದೆ, ಜರಡಿ ಹಿಡಿಯಲು ನಗರದಲ್ಲಿ ಯಾರಿಗೆ ಪುರುಸೊತ್ತು? ದಿನನಿತ್ಯಕ್ಕೆ ನಾನು ತೆಂಗಿನ ನಾರಿಗೇ ಮತ ಹಾಕುತ್ತೇನೆ. ಗೀರುವುದಿಲ್ಲ, ಇಡ್ಲಿ ತೂತಿನೊಳಗೂ ಹೋಗುತ್ತದೆ, ಸವೆದರೆ ಗಿಡದ ಬುಡಕ್ಕೆ. ಒಣಗಿದ ಹೀರೇಕಾಯಿ ಜಾಲರಿಯೂ ಒಳ್ಳೆಯದೇ, ಲೋಟಗಳಿಗೆ ಇನ್ನೂ ಮೃದು.

ಕೆಲಸದ ಅಕ್ಕನಿಗೆ ತಂತಿ ಬಿಡಿಸಲು ಆಗಲಿಲ್ಲ. ಕೊನೆಗೆ ಸ್ವಲ್ಪ ಬೆಲೆ ಜಾಸ್ತಿಯ, ಅದೂ ಸ್ಟೇನ್‌ಲೆಸ್‌ನದೇ ಆದ ಸುರುಳಿ ತಂದುಕೊಟ್ಟೆ. ಗೀರು ಇದ್ದೇ ಇದೆ, ಕಿತ್ತಳೆ ಚುಕ್ಕಿ ಮಾತ್ರ ನಿಂತಿತು.

ತುಕ್ಕು ಬರದ ಹಾಗೆ

ತೊಳೆದ ಮೇಲೆ ಕೊಬ್ಬರಿ ಎಣ್ಣೆ ಸವರುವುದು, ಹಾಗೇ ಆರಲು ಬಿಡುವುದು, ಒಣ ಬಟ್ಟೆಯಲ್ಲಿ ಒರೆಸುವುದು, ಮೂರನ್ನೂ ಹೋಲಿಸಿದೆ. ಎಣ್ಣೆ ಸವರಿದ ಸಿಂಕ್ ಒಂದು ಹೊತ್ತು ಕನ್ನಡಿ. ಮುಂದಿನ ಸೋಪಿಗೆ ಎಣ್ಣೆ ಹೋಯಿತು, ಅದರ ನಡುವೆ ಧೂಳು ಅಂಟಿತು. ಸುಮ್ನೆ ಖರ್ಚು. ಹಾಗೇ ಆರಲು ಬಿಟ್ಟಲ್ಲಿ ಹನಿ ಹನಿಗೂ ಬಿಳಿ ಉಂಗುರ. ಒರೆಸಿದ್ದು ಎಲ್ಲಕ್ಕಿಂತ ಚೆನ್ನಾಗಿ ಉಳಿಯಿತು. ಚಾಕುಗಳನ್ನಂತೂ ಒರೆಸಲೇಬೇಕು. ಅಲಗು ಹರಿತ ಉಳಿಯಲಿ ಅಂತ ಅದರ ಉಕ್ಕಿನಲ್ಲಿ ಇಂಗಾಲ ಜಾಸ್ತಿ, ಕ್ರೋಮಿಯಂ ಕಡಿಮೆ ಇರುತ್ತದೆ. ಒದ್ದೆಯಾಗಿ ಸ್ಟ್ಯಾಂಡಿನಲ್ಲಿ ಇಟ್ಟ ಚಾಕುವಿಗೆ ಚುಕ್ಕಿ ಬರುವುದು ಅದಕ್ಕೇ.

ಅನ್ನದ ನೀರಿಗೋ ಸಾರಿಗೋ ಉಪ್ಪು ಹಾಕುವುದಿದ್ದರೆ ಕುದಿ ಬಂದ ಮೇಲೆ ಹಾಕಿ ಕಲಕಿ. ತಣ್ಣೀರಿಗೆ ಹಾಕಿದ ಕಲ್ಲುಪ್ಪು ತಳದಲ್ಲೇ ಕೂತು ಅಲ್ಲೇ ಕುಳಿ ಮಾಡುತ್ತದೆ. ಉಪ್ಪಿನಕಾಯಿ, ಉಪ್ಪು ಎರಡೂ ಭರಣಿಗೆ ಅಥವಾ ಗಾಜಿಗೆ. ಕುಂದಾಪುರ, ಕಾರವಾರದ ಕಡೆ ಕಡಲ ಗಾಳಿಯಲ್ಲೇ ಉಪ್ಪು ಇರುವಾಗ ಇದು ಇನ್ನೂ ಬೇಕು. ಅಲ್ಲಿನ ಮನೆಗಳಲ್ಲಿ ಉಪ್ಪಿಗೆ ಭರಣಿ ಬಿಟ್ಟು ಬೇರೆ ಪಾತ್ರೆ ನಾನು ಕಂಡದ್ದು ಕಡಿಮೆ.

ಕುಳಿ ಬಿದ್ದ ಪಾತ್ರೆಗೆ ಯಾವ ಪುಡಿಯೂ ಮದ್ದಲ್ಲ. ಮೇಲಿನ ಕಂದು ಹೋಗುತ್ತದೆ, ಕೆಲವು ದಿನಕ್ಕೆ ಅದೇ ಬಿಂದುವಿನಲ್ಲಿ ಮತ್ತೆ ಬರುತ್ತದೆ. ಅಂಥದ್ದನ್ನು ರಾಗಿ ಹಿಟ್ಟಿಗೋ ಬೇಳೆಗೋ ಇಟ್ಟುಕೊಳ್ಳಿ. ಹೊಸದು ಕೊಳ್ಳುವಾಗ ಕೆಲವರು ಮ್ಯಾಗ್ನೆಟ್ ಹಿಡಿದು ನೋಡುತ್ತಾರೆ. ಅಂಟಿದರೆ ಅದು ಬಹುಶಃ ನಿಕ್ಕಲ್ ಇಲ್ಲದ 430 ದರ್ಜೆ. ಅಂಟದಿದ್ದರೆ ನಿಕ್ಕಲ್ ಚೆನ್ನಾಗಿರುವ ಒಳ್ಳೆಯ 304 ದರ್ಜೆ ಅಂತ ನಂಬಬೇಡಿ. ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿದ 202 ಕೂಡ ಅಂಟುವುದಿಲ್ಲ. ಇಂಡಕ್ಷನ್ ಪಾತ್ರೆಯ ತಳ ಅಂಟಲೇಬೇಕು, ಅದು ದೋಷವಲ್ಲ. ಪಾತ್ರೆಯ ಮೇಲೆ 304 ಅಂತಲೋ 18/8 (ಶೇಕಡ 18 ಕ್ರೋಮಿಯಂ, 8 ನಿಕ್ಕಲ್) ಅಂತಲೋ ಒತ್ತಿದ್ದಾರಾ ನೋಡಿ, ಬಿಲ್ಲಿನಲ್ಲೂ ಅದನ್ನೇ ಬರೆಸಿಕೊಳ್ಳಿ.