ಒಸಡು ನೋಡದೆ ಸಾಲ್ಮನ್ ಇಟ್ಟುಕೊಳ್ಳಬೇಡಿ

ಸಿಯಾಟಲ್ ಸುತ್ತಮುತ್ತ ಇರುವ ನಮ್ಮವರು ಆಗಸ್ಟ್ ಬಂತೆಂದರೆ ಗಾಳ ಹಿಡಿದು ನದಿಗೆ ಹೊರಡುತ್ತೀರಿ. ಹೊರಡುವ ಮೊದಲು ಇದನ್ನು ಓದಿ. ಇಟ್ಟುಕೊಳ್ಳಲೇಬಾರದಿದ್ದ ಒಂದು ಚಿನೂಕ್ ಸಾಲ್ಮನ್ ನನ್ನ ಕೈಯಲ್ಲಿ ಸತ್ತಿತು.

ನಾನು ತೀರ್ಥಹಳ್ಳಿ ಕಡೆಯವನು. ಮುಂಗಾರು ಹಿಡಿದರೆ ಚಿಕ್ಕಪ್ಪನ ಜೊತೆ ರಾತ್ರಿ ಗದ್ದೆಗೆ ಇಳಿದು ಹತ್ಮೀನು, ಅಂದರೆ ಮಳೆ ನೀರಿಗೆ ಹೊಳೆಯಿಂದ ಹತ್ತಿ ಬರುವ ಮೀನು, ಹಿಡಿಯುತ್ತಿದ್ದೆ. ಇಲ್ಲಿ ಸಾಲ್ಮನ್ ಸಮುದ್ರದಿಂದ ಹೊಳೆ ಹತ್ತಿ ಬರುತ್ತದೆ ಅಂತ ಕೇಳಿದಾಗ ನೆನಪಾಗಿದ್ದೇ ಅದು. ಊರಲ್ಲಿ ಸಿಕ್ಕಿದ್ದೆಲ್ಲ ಬುಟ್ಟಿಗೆ ಬೀಳುತ್ತಿತ್ತು. ಯಾವ ಜಾತಿ ಅಂತ ಯಾರೂ ಕೇಳುತ್ತಿರಲಿಲ್ಲ. ಅದೇ ಅಭ್ಯಾಸ ಇಲ್ಲಿಗೂ ಬಂತು.

ಸಿಯಾಟಲ್ ಪಕ್ಕದ ಕಡಲು ಪ್ಯೂಜೆಟ್ ಸೌಂಡ್ ಸೇರುವ ಹೊಳೆಗಳಿಗೆ ಪಿಂಕ್ ಸಾಲ್ಮನ್ ಹಿಂಡು ಹಿಂಡಾಗಿ ಬರೋದು ಬೆಸ ಸಂಖ್ಯೆಯ ವರ್ಷಗಳಲ್ಲಿ. ಅಂಥ ಒಂದು ವರ್ಷದ ಸೆಪ್ಟೆಂಬರ್‌ನಲ್ಲಿ ನಾವು ಮೂವರು ದುಡ್ಡು ಹಾಕಿ, ದೋಣಿ ಇರುವ ಒಬ್ಬ ಗೈಡನ್ನು ಗೊತ್ತು ಮಾಡಿಕೊಂಡು ಸ್ನೋಹೋಮಿಶ್ ನದಿಗೆ ಹೋದೆವು. ಗೈಡ್ ಕೆಲಸಕ್ಕೆ ರಾಜ್ಯದ ಲೈಸೆನ್ಸ್ ಬೇಕು. ಅದು ಅವನ ಹತ್ತಿರ ಇದೆಯಾ ಅಂತ ನಾನು ಕೇಳಲಿಲ್ಲ. ನನ್ನ ಹತ್ತಿರ ಮೀನಿನ ಲೈಸೆನ್ಸ್ ಇತ್ತು, ಅಷ್ಟು ಸಾಕು ಅಂದುಕೊಂಡಿದ್ದೆ.

ಪಿಂಕ್ ಸಾಮಾನ್ಯವಾಗಿ ನಾಲ್ಕೈದು ಪೌಂಡ್ ತೂಗುತ್ತದೆ. ಬೆಳಿಗ್ಗೆ ಅಂಥವೇ ಸಿಕ್ಕವು. ಹತ್ತು ಗಂಟೆ ಹೊತ್ತಿಗೆ ನನ್ನ ರಾಡ್ ಒಮ್ಮೆಲೇ ಬಾಗಿತು. ದಾರ ಸರ್ರನೆ ಓಡಿತು. ಇಪ್ಪತ್ತು ನಿಮಿಷ ಎಳೆದಾಡಿದ ಮೇಲೆ ಅದು ದೋಣಿಯ ಪಕ್ಕ ಬಂತು. ಅಷ್ಟು ದೊಡ್ಡ ಮೀನನ್ನು ನಾನು ಯಾವತ್ತೂ ಹಿಡಿದಿರಲಿಲ್ಲ. 'ಸಿಲ್ವರ್! ದೊಡ್ಡ ಸಿಲ್ವರ್!' ಅಂತ ಗೈಡ್ ಕೂಗಿದ. ಕೋಹೋ ಸಾಲ್ಮನ್‌ಗೆ ಇಲ್ಲಿನವರು ಹೇಳೋದು ಹಾಗೆ. ಬಲೆಯಿಂದ ದೋಣಿಗೆ ಎತ್ತಿದ. ನಾನು ಎದೆಗೆ ಒತ್ತಿಕೊಂಡು ಫೋಟೋ ತೆಗೆಸಿಕೊಂಡೆ. ಆಮೇಲೆ ಅವನು ತಲೆಗೆ ಕೋಲಿನಿಂದ ಹೊಡೆದ. ತೂಕ ಹದಿನೆಂಟು ಪೌಂಡ್.

ದೋಣಿ ಮೇಲೆತ್ತುವ ಜಾಗದಲ್ಲಿ ಅಧಿಕಾರಿಯೊಬ್ಬರು ನಿಂತಿದ್ದರು. ನನ್ನ ಮೀನಿನ ಬಾಯಿ ತೆರೆದು ನೋಡಿದರು. ಹಲ್ಲಿನ ಬುಡವೆಲ್ಲ ಕಪ್ಪು. ಬಾಲ ಬಿಡಿಸಿ ತೋರಿಸಿದರು. ಮೇಲೂ ಚುಕ್ಕೆ, ಕೆಳಗೂ ಚುಕ್ಕೆ. 'ಇದು ಚಿನೂಕ್' ಅಂದರು. ಆಗ ಆ ನದಿಯಲ್ಲಿ ಚಿನೂಕ್ ಸಿಕ್ಕರೆ ಬಿಡಲೇಬೇಕಿತ್ತು. ಅವರು ಮೀನನ್ನು ಎತ್ತುವಾಗ ಹೊಟ್ಟೆಯಿಂದ ಕಿತ್ತಳೆ ಬಣ್ಣದ ಮೊಟ್ಟೆಗಳು ನೆಲಕ್ಕೆ ಉದುರಿದವು. ನನಗೆ ಮಾತೇ ಹೊರಡಲಿಲ್ಲ.

ಕೇಸ್ ಬಿದ್ದಿದ್ದು ನನ್ನ ಮೇಲೆ. 'ನಾನು ಹೇಳಿದ್ದಷ್ಟೇ, ಇಟ್ಟುಕೊಂಡಿದ್ದು ಅವರು' ಅಂತ ಗೈಡ್ ಕೈ ತೊಳೆದುಕೊಂಡ. ಸಾಲ್ಮನ್ ಇಟ್ಟುಕೊಂಡ ಕೂಡಲೇ ಕ್ಯಾಚ್ ಕಾರ್ಡ್‌ನಲ್ಲಿ, ಅಂದರೆ ಹಿಡಿದ ಮೀನಿನ ಲೆಕ್ಕ ಇಡುವ ಕಾರ್ಡ್‌ನಲ್ಲಿ, ಬರೆಯಬೇಕು. ಅದನ್ನೂ ಬರೆದಿರಲಿಲ್ಲ. ಮೀನು ಹೋಯಿತು, ದಂಡ ಕಟ್ಟಿದೆ. ದಂಡದ ನೋವು ಯಾವಾಗಲೋ ಮರೆತುಹೋಯಿತು. ಆ ಮೊಟ್ಟೆಗಳು ಮರೆಯುತ್ತಿಲ್ಲ.

ಪ್ಯೂಜೆಟ್ ಸೌಂಡ್‌ನ ಚಿನೂಕ್ 1999ರಿಂದ ಅಪಾಯದಲ್ಲಿರುವ ಮೀನುಗಳ ಪಟ್ಟಿಯಲ್ಲಿದೆ. ಈ ಕಡಲಲ್ಲೇ ಇರುವ ಓರ್ಕಾ ತಿಮಿಂಗಿಲಗಳಿಗೆ ಮುಖ್ಯ ಊಟ ಅದೇ. ಸತ್ತ ಮರಿಯನ್ನು 17 ದಿನ ಹೊತ್ತು ಈಜಿದ ತಾಯಿ ಓರ್ಕಾ ಸುದ್ದಿ 2018ರಲ್ಲಿ ನಾವೆಲ್ಲ ನೋಡಿದ್ವಿ ಅಲ್ವಾ? ಅದೇ ಬಳಗ. ಈಗ ಉಳಿದಿರೋದು 75ರ ಆಸುಪಾಸು. ಲೈಮ್ ಕಿಲ್ನ್ ಪಾರ್ಕ್‌ನ ಬಂಡೆ ಮೇಲೆ ಕೂತು ಮಗಳಿಗೆ ಅವನ್ನು ತೋರಿಸಿದವನು ನಾನೇ.

ಹಾಗಾಗಿ ದಯವಿಟ್ಟು ಮೀನು ಇನ್ನೂ ನೀರಲ್ಲಿರುವಾಗಲೇ ನೋಡಿ. ಒಸಡು ಕಪ್ಪು, ಬಾಲದ ಎರಡೂ ಭಾಗದಲ್ಲಿ ಚುಕ್ಕೆ ಇದ್ದರೆ ಚಿನೂಕ್. ಹಲ್ಲಿನ ಬುಡದಲ್ಲಿ ಒಸಡು ಬೆಳ್ಳಗಿದ್ದು, ಬಾಲದ ಮೇಲ್ಭಾಗದಲ್ಲಿ ಮಾತ್ರ ಚುಕ್ಕೆ ಇದ್ದರೆ ಕೋಹೋ. ಪಿಂಕ್‌ಗೂ ಇಡೀ ಬಾಲದಲ್ಲಿ ಚುಕ್ಕೆ ಇರುತ್ತದೆ, ಆದರೆ ದೊಡ್ಡವು, ಮೊಟ್ಟೆ ಆಕಾರದವು. ಸ್ಟೀಲ್‌ಹೆಡ್ ಟ್ರೌಟ್ ಸಿಕ್ಕರೆ ಬೆನ್ನಿನ ರೆಕ್ಕೆಗೂ ಬಾಲಕ್ಕೂ ನಡುವೆ ನೋಡಿ. ಅಲ್ಲಿ ಸಣ್ಣ ಮೆತ್ತಗಿನ ರೆಕ್ಕೆ ಹಾಗೇ ಇದ್ದರೆ ಅದು ಕಾಡು ಮೀನು, ಬಿಟ್ಟುಬಿಡಬೇಕು. ಹ್ಯಾಚರಿಯಲ್ಲಿ ಸಾಕಿ ಬಿಟ್ಟ ಮೀನಿಗೆ ಆ ರೆಕ್ಕೆ ಕತ್ತರಿಸಿರುತ್ತಾರೆ. ಸ್ವಲ್ಪ ಅನುಮಾನ ಬಂದರೂ ಬಿಟ್ಟುಬಿಡಿ.

ಬಿಡಬೇಕಾದ ಸಾಲ್ಮನ್, ಸ್ಟೀಲ್‌ಹೆಡ್‌ಗಳನ್ನು ನದಿಯ ನೀರಿನಿಂದ ಪೂರ್ತಿ ಮೇಲೆತ್ತೋದೇ ವಾಷಿಂಗ್ಟನ್‌ನಲ್ಲಿ ತಪ್ಪು. ಫೋಟೋಗೆ ಅಂತ ಸುಮ್ನೆ ಒಂದು ನಿಮಿಷ ಎತ್ತಿದರೂ ತಪ್ಪೇ. ಬಲೆ ರಬ್ಬರಿನದಾಗಿರಲಿ. ಕೊಕ್ಕೆಯ ಮುಳ್ಳನ್ನು ಇಕ್ಕಳದಲ್ಲಿ ಒತ್ತಿಟ್ಟರೆ ಬಿಡಿಸೋದು ಬೇಗ ಆಗುತ್ತದೆ.

ನಿಯಮಗಳು ಸೀಸನ್ ನಡುವೆಯೇ ಬದಲಾಗುತ್ತವೆ. ಹೋಗುವ ದಿನ ಬೆಳಿಗ್ಗೆ ರಾಜ್ಯದ ಮೀನುಗಾರಿಕೆ ಆ್ಯಪ್‌ನಲ್ಲಿ ನಿಮ್ಮ ನದಿಯ ಹೆಸರು ಹಾಕಿ ನೋಡಿ. ಗೈಡ್ ಮಾತನ್ನೇ ನಂಬಿ ಕೂರಬೇಡಿ, ದುಡ್ಡು ಕೊಡುವ ಮೊದಲೇ ಅವನ ಲೈಸೆನ್ಸ್ ಕೇಳಿ. ಹದಿನೈದು ತುಂಬಿದ ಮಕ್ಕಳಿಗೂ ಲೈಸೆನ್ಸ್ ಬೇಕು.

ಕೊನೆಗೆ ಒಂದು ಮಾತು. ಆವತ್ತು ದೋಣಿಯಿಂದಲೇ ನಾನು ಕಳಿಸಿದ ಫೋಟೋ ನಿಮ್ಮಲ್ಲಿ ಹಲವರ ಫೋನ್‌ನಲ್ಲಿದೆ. ಕೋಹೋ ಅಂತ ಬರೆದಿದ್ದೆ. ಅದನ್ನು ಕೋಹೋ ಅಂತ ಯಾರಿಗೂ ತೋರಿಸಬೇಡಿ. ಬಾಲವನ್ನು ದೊಡ್ಡದು ಮಾಡಿ ನೋಡಿ, ಕೆಳಭಾಗದಲ್ಲೂ ಚುಕ್ಕೆಗಳಿವೆ.