ನರ್ಸಿಂಗ್ ಡಿಗ್ರಿಗೆ ಟ್ರಾನ್ಸ್‌ಫರ್ ಆಗೋರು ಹಳೇ ಸೀಟು ಬಿಡೋ ಮುಂಚೆ ಇದನ್ನ ಓದಿ

ಹೋದ ವಾರ ಹಳೇ ಕಾಲೇಜಿನ ಜೂನಿಯರ್ ಒಬ್ಳು ಫೋನ್ ಮಾಡಿದ್ಲು. ಅಕ್ಕ, ಯೂನಿವರ್ಸಿಟಿಯಿಂದ ಅಡ್ಮಿಷನ್ ಲೆಟರ್ ಬಂತು, ನಾಳೇನೇ ಹೋಗಿ ಇಲ್ಲಿ ಸೀಟ್ ಕ್ಯಾನ್ಸಲ್ ಮಾಡಿಸ್ತೀನಿ ಅಂದ್ಲು. ನಂಗೆ ಎದೆ ಧಸಕ್ ಅಂತು. ಎರಡು ವರ್ಷದ ಹಿಂದೆ ಇದೇ ಮಾತನ್ನ ಇದೇ ಖುಷೀಲಿ ನಾನು ನಮ್ಮಮ್ಮಂಗೆ ಹೇಳಿದ್ದೆ, ಆಮೇಲೆ ಆಗಿದ್ದು ಒಂದು ಪೂರ್ತಿ ವರ್ಷದ ನಷ್ಟ. ಅವಳಿಗೆ ಒಂದು ಗಂಟೆ ಫೋನಲ್ಲಿ ಹೇಳಿದ್ದನ್ನೇ ಇಲ್ಲಿ ಬರೀತಿದೀನಿ, ಯಾಕಂದ್ರೆ ಇದು ನಂಗೆ ಯಾರೂ ಹೇಳಿರ್ಲಿಲ್ಲ.

ಮೊದಲನೇದು, ಯೂನಿವರ್ಸಿಟಿಗೆ ಅಡ್ಮಿಷನ್ ಸಿಕ್ತು ಅಂದ ಮಾತ್ರಕ್ಕೆ ನರ್ಸಿಂಗ್ ಸೀಟ್ ಸಿಕ್ತು ಅಂತ ಅರ್ಥ ಅಲ್ಲ. ಎಷ್ಟೋ ಕಡೆ ಇವೆರಡೂ ಬೇರೆ ಬೇರೆ. ಯೂನಿವರ್ಸಿಟಿ ನಿಮ್ಮನ್ನ ಸ್ಟೂಡೆಂಟ್ ಅಂತ ಸೇರಿಸ್ಕೊಳ್ಳುತ್ತೆ ಅಷ್ಟೇ, ನರ್ಸಿಂಗ್ ಡಿಪಾರ್ಟ್‌ಮೆಂಟಿಗೆ ಮತ್ತೆ ಬೇರೆ ಅಪ್ಲಿಕೇಷನ್, ಬೇರೆ ಲಾಸ್ಟ್ ಡೇಟ್, ಬೇರೆ ಮಾರ್ಕ್ಸ್ ಲೆಕ್ಕ. ಪೇಷೆಂಟ್ ಹತ್ರ ನಿಂತು ಕಲಿಸ್ಬೇಕಾದ ಕೋರ್ಸ್ ಇದು, ಒಬ್ಬ ಟೀಚರ್ ಕೈಕೆಳಗೆ ವಾರ್ಡಲ್ಲಿ ಇಷ್ಟೇ ಜನ ಅಂತ ಇರುತ್ತೆ, ಆಸ್ಪತ್ರೆಗಳು ಕೊಡೋ ಜಾಗಾನೂ ಅಷ್ಟೇ, ಹಾಗಾಗಿ ಸೀಟು ಎಣಿಸಿಟ್ಟ ಹಾಗೆ ಇರುತ್ತೆ. ಬ್ಯಾಚ್ ಸೇರಿದ್ಮೇಲೆ ಎಲ್ರೂ ಒಟ್ಟಿಗೆ ಒಂದೊಂದೇ ಮೆಟ್ಲು ಹತ್ತಬೇಕು, ನಡುವೆ ಬಂದು ಸೇರ್ಕೊಳ್ಳೋಕೆ ಆಗಲ್ಲ. ನಮ್ಮಲ್ಲಿ ವರ್ಷಕ್ಕೆ ಒಂದೇ ಬ್ಯಾಚ್. ನನ್ನ ಅಡ್ಮಿಷನ್ ಲೆಟರಲ್ಲಿ ನರ್ಸಿಂಗ್ ಅನ್ನೋ ಪದಕ್ಕೆ ಮೊದಲು ಸಣ್ಣದಾಗಿ 'ಪ್ರಿ' ಅಂತ ಇತ್ತು, ಅಂದ್ರೆ ನರ್ಸಿಂಗ್ ಸೀಟಿಗೂ ಮುಂಚಿನ ಹಂತ ಅಷ್ಟೇ. ಹತ್ತು ಸಲ ಓದಿದ್ದೆ ಆ ಲೆಟರನ್ನ, ಆ ಚಿಕ್ಕ ಪದಕ್ಕೆ ಅಷ್ಟು ಅರ್ಥ ಇದೆ ಅಂತ ಗೊತ್ತಿರ್ಲಿಲ್ಲ.

ಹಳೇ ಕಾಲೇಜಲ್ಲಿ ನಾನು ನರ್ಸಿಂಗ್ ಡಿಪ್ಲೊಮಾ ಓದ್ತಿದ್ದೆ, ಅರ್ಧಕ್ಕಿಂತ ಜಾಸ್ತಿ ಆಗಿತ್ತು. ಡಿಗ್ರೀನೇ ಮಾಡ್ಬೇಕು, ಮುಂದೆ ಐಸಿಯು ಸ್ಪೆಷಾಲಿಟಿ ಓದ್ಬೇಕು ಅಂತ ಆಸೆ ಇತ್ತು. ಯೂನಿವರ್ಸಿಟಿ ಅಡ್ಮಿಷನ್ ಕೌಂಟರಲ್ಲಿ ನನ್ನ ಮಾರ್ಕ್ಸ್ ಕಾರ್ಡ್ ತೋರಿಸಿ ಕೇಳಿದೆ, ಸರ್ ಇದೆಲ್ಲಾ ಇಲ್ಲಿಗೆ ಬರುತ್ತಾ ಅಂತ. ಅವರು ಒಂದು ಸಲ ನೋಡಿ, "ಎಲ್ಲಾ ಕ್ರೆಡಿಟ್ಟೂ ಬರುತ್ತಮ್ಮಾ, ಟೆನ್ಷನ್ ತಗೋಬೇಡ" ಅಂದ್ರು. (ಕ್ರೆಡಿಟ್ ಅಂದ್ರೆ ಪಾಸಾದ ಒಂದೊಂದು ಸಬ್ಜೆಕ್ಟಿಗೆ ಅದರ ಕ್ಲಾಸ್ ಗಂಟೆ ಲೆಕ್ಕದಲ್ಲಿ ಸಿಗೋ ಪಾಯಿಂಟ್.) ಅವರು ಸುಳ್ಳು ಹೇಳಿದ್ರು ಅಂತ ನಾನು ಈಗ್ಲೂ ಅನ್ನಲ್ಲ. ಕ್ರೆಡಿಟ್ ಬಂತು. ಆದ್ರೆ ಬರೋದು ಬೇರೆ, ಲೆಕ್ಕಕ್ಕೆ ಹಿಡಿಯೋದು ಬೇರೆ. ಈ ಪೋಸ್ಟಲ್ಲಿ ಒಂದೇ ಒಂದು ವಿಷಯ ನೆನಪಿಟ್ಕೊಳ್ತೀರಾ ಅಂದ್ರೆ ದಯವಿಟ್ಟು ಇದನ್ನ ಇಟ್ಕೊಳ್ಳಿ.

ಕ್ಲಾಸ್ ಶುರುವಾಗಿ ಆರನೇ ವಾರಕ್ಕೆ ನನ್ನ ಕ್ರೆಡಿಟ್ ರಿಪೋರ್ಟ್ ಬಂತು. ಅಷ್ಟೊತ್ತಿಗೆ ಹಳೇ ಸೀಟು ಬಿಟ್ಟು, ಟಿಸಿ ತಗೊಂಡು, ಹಾಸ್ಟೆಲ್ ಖಾಲಿ ಮಾಡಿ ಎಲ್ಲಾ ಆಗಿತ್ತು. ಹಳೇ ಕಾಲೇಜಿನ 78 ಕ್ರೆಡಿಟ್ ಇಲ್ಲಿ 52 ಆಗಿತ್ತು. ಆ 52ರಲ್ಲಿ ನರ್ಸಿಂಗ್ ಡಿಗ್ರಿಗೆ ಬೇಕಾದ ಸಬ್ಜೆಕ್ಟ್ ಅಂತ ಒಪ್ಕೊಂಡಿದ್ದು 21 ಮಾತ್ರ. ಮಿಕ್ಕ 31ರ ಎದುರಿಗೆ ಎಲ್ಲಾ ಕಡೆ ಒಂದೇ ಪದ, ಎಲೆಕ್ಟಿವ್. ಅಂದ್ರೆ ಓದಿದೀಯಾ, ಒಪ್ಕೊಂಡಿದೀವಿ, ಆದ್ರೆ ಇದ್ರಿಂದ ನಿಂಗೆ ಉಪಯೋಗ ಇಲ್ಲ ಅಂತ. ಲೈಬ್ರರಿ ಮೆಟ್ಲ ಮೇಲೆ ಕೂತ್ಕೊಂಡು ಆ ಹಾಳೆ ನೋಡ್ತಾ ತುಂಬಾ ಹೊತ್ತು ಅತ್ತೆ.

78 ಹೇಗೆ 52 ಆಯ್ತು ಅಂತ ಮೊದ್ಲು ಅರ್ಥಾನೇ ಆಗ್ಲಿಲ್ಲ, ಯಾರೋ ತಪ್ಪು ಟೈಪ್ ಮಾಡಿದಾರೆ ಅಂದ್ಕೊಂಡೆ. ವಿಷಯ ಏನಂದ್ರೆ ಹಳೇ ಕಾಲೇಜಲ್ಲಿ ವರ್ಷಕ್ಕೆ ಮೂರು ಟರ್ಮ್, ಒಂದೊಂದು ಸುಮಾರು 10 ವಾರ, ಇಲ್ಲಿ ಸೆಮಿಸ್ಟರ್, ಸುಮಾರು 15 ವಾರ. ಹಾಗಾಗಿ ಅಲ್ಲಿಯ ಒಂದು ಕ್ರೆಡಿಟ್ ಇಲ್ಲಿ ಮೂರನೇ ಎರಡು ಭಾಗ. ಅಲ್ಲಿ 5 ಕ್ರೆಡಿಟ್ಟಿನ ಸಬ್ಜೆಕ್ಟ್ ಇಲ್ಲಿ 3.33 ಆಗುತ್ತೆ, ಇವರು ಕೇಳೋದು 4. ಆ ಚೂರು ಕಮ್ಮಿ ಇದ್ದಿದ್ದಕ್ಕೇ ಎರಡು ಸಬ್ಜೆಕ್ಟ್ ಹೋಯ್ತು. ಕೆಲವು ಯೂನಿವರ್ಸಿಟಿಗಳು ಸಿಲೆಬಸ್ ಪೂರ್ತಿ ಹೊಂದಿದ್ರೆ ಈ ಪಾಯಿಂಟ್ ಲೆಕ್ಕ ನೋಡಲ್ಲ, ಕೆಲವು ನೋಡ್ತವೆ, ಅದನ್ನ ಮುಂಚೇನೇ ಕೇಳ್ಬೇಕು.

ಅನಾಟಮಿ ಫಿಸಿಯಾಲಜಿ ಕಥೆ ಇನ್ನೂ ಸಂಕಟ. ಹಳೇ ಕಾಲೇಜಲ್ಲಿ ಅದನ್ನ ಮೂರು ಭಾಗ ಮಾಡಿ ಮೂರು ಟರ್ಮಲ್ಲಿ ಕಲಿಸ್ತಿದ್ರು, ಇಲ್ಲಿ ಎರಡು ಭಾಗ, ಎರಡು ಸೆಮಿಸ್ಟರ್. ನಾನು ಮೂರರಲ್ಲಿ ಎರಡು ಮುಗಿಸಿ ಬಂದಿದ್ದೆ. ಜೀರ್ಣಾಂಗ, ಕಿಡ್ನಿ, ಗರ್ಭಕೋಶ ಇವೆಲ್ಲಾ ಅಲ್ಲಿ ಮೂರನೇ ಭಾಗದಲ್ಲಿತ್ತು. ಅದಿಲ್ದೆ ಇಲ್ಲಿಯ ಎರಡನೇ ಭಾಗ ಪೂರ್ತಿ ಆಗಲ್ಲ ಅಂತ ಮೊದಲನೇದನ್ನ ಮಾತ್ರ ಒಪ್ಕೊಂಡ್ರು. ಅದೂ ಅವರು ದೊಡ್ಡ ಮನಸ್ಸು ಮಾಡಿದ್ದು, ಎಷ್ಟೋ ಕಡೆ ಪೂರ್ತಿ ಸೆಟ್ ಒಂದೇ ಕಡೆ ಮುಗಿಸಿಲ್ಲ ಅಂದ್ರೆ ಯಾವುದನ್ನೂ ಮುಟ್ಟಲ್ಲ. ಹಳೇ ಕಡೆ ಇನ್ನೊಂದೇ ಒಂದು ಟರ್ಮ್, 10 ವಾರ ಇದ್ದಿದ್ರೆ ಸಾಕಿತ್ತು, ನಾನು ಅರ್ಜೆಂಟ್ ಮಾಡಿ ಬಂದ್ಬಿಟ್ಟೆ. ಆಮೇಲೆ ಹೃದಯ, ಶ್ವಾಸಕೋಶ ಎಲ್ಲಾ ಮತ್ತೆ ಮೊದಲಿಂದ ಓದಿದೆ, ಮತ್ತೆ ಲ್ಯಾಬ್, ಮತ್ತೆ ಫೀಸ್.

ಎಲ್ಲಕ್ಕಿಂತ ನೋವಾಗಿದ್ದು ಕ್ಲಿನಿಕಲ್ಸ್, ಅಂದ್ರೆ ವಾರ್ಡ್ ಟ್ರೈನಿಂಗ್ ವಿಷಯ. ಹಳೇ ಕಾಲೇಜಿಂದ ವಾರ್ಡಲ್ಲಿ 90 ಗಂಟೆ ಡ್ಯೂಟಿ ಮಾಡಿದ್ದೆ, ವೈಟಲ್ಸ್ (ಬಿಪಿ, ನಾಡಿ, ಜ್ವರ) ನೋಡೋದು, ಬೆಡ್ ಬಾತ್, ಮಲಗಿದ್ದಲ್ಲೇ ಇರೋರಿಗೆ ಬೆಡ್ ಸೋರ್ ಆಗದ ಹಾಗೆ ಎರಡು ಗಂಟೆಗೊಂದ್ಸಲ ಮಗ್ಗುಲು ಬದಲಾಯಿಸೋದು, ಎಷ್ಟು ಕುಡಿದ್ರು ಎಷ್ಟು ಮೂತ್ರ ಹೋಯ್ತು ಅಂತ ಇನ್‌ಟೇಕ್ ಔಟ್‌ಪುಟ್ ಬರೆಯೋದು. ಮೊದಲನೇ ಸಲ ಒಬ್ಬ ಅಜ್ಜಿ ಕೈ ಹಿಡ್ಕೊಂಡು ನೀನೇ ನಾಳೇನೂ ಬಾ ಮಗಳೇ ಅಂದಿದ್ರು. ಹೊಸ ಕಡೆ ಆ 90 ಗಂಟೆಗೆ ಸೊನ್ನೆ. ಕಾರಣ ಕೇಳಿದಾಗ ಡಿಪಾರ್ಟ್‌ಮೆಂಟ್ ಮೇಡಂ ಕೂರಿಸಿ ಸಮಾಧಾನವಾಗಿ ಹೇಳಿದ್ರು. ಲೈಸೆನ್ಸ್ ಕೊಡೋ ಕೌನ್ಸಿಲ್ ನಮ್ಮ ಕೋರ್ಸನ್ನ ಇಡಿಯಾಗಿ ನೋಡಿ ಒಪ್ಪಿಗೆ ಕೊಟ್ಟಿರುತ್ತೆ, ಯಾವ ಥಿಯರಿ ಜೊತೆ ಯಾವ ವಾರ್ಡ್ ಪೋಸ್ಟಿಂಗ್ ಅಂತ ಜೋಡಿಸಿರ್ತೀವಿ, ನೀನು ಸೇಫಾಗಿ ಕೆಲಸ ಮಾಡ್ತೀಯಾ ಅಂತ ನಾವು ಸೈನ್ ಹಾಕ್ಬೇಕು, ನಾವು ನೋಡ್ದೇ ಇರೋ ಗಂಟೆಗೆ ಹೇಗೆ ಸೈನ್ ಹಾಕೋದು ಅಂತ. ಒಪ್ಪೋ ಮಾತೇ. ಆದ್ರೆ ಸೇರೋ ಮುಂಚೆ ಗೊತ್ತಾಗ್ಬೇಕಿತ್ತು. ಸೈನ್ಸ್ ಸಬ್ಜೆಕ್ಟ್ ಟ್ರಾನ್ಸ್‌ಫರ್ ಆಗೋ ಹಾಗೆ ನರ್ಸಿಂಗ್ ಸಬ್ಜೆಕ್ಟ್ ಸುಲಭವಾಗಿ ಆಗಲ್ಲ, ಡಿಪ್ಲೊಮಾ ನಡುವಲ್ಲಿ ಬಿಟ್ಟು ಬರೋರಿಗೆ ಇದು ದೊಡ್ಡ ಹೊಡೆತ. ಡಿಪ್ಲೊಮಾ ಪೂರ್ತಿ ಮುಗಿಸಿ, ಲೈಸೆನ್ಸ್ ತಗೊಂಡು, ಆಮೇಲೆ ಬಂದ್ರೆ ಎಷ್ಟೋ ಯೂನಿವರ್ಸಿಟಿಗಳಲ್ಲಿ ಅವರಿಗೇ ಅಂತ ಬೇರೆ ಚಿಕ್ಕ ಡಿಗ್ರಿ ಕೋರ್ಸ್ ಇರುತ್ತೆ, ಕೆಲಸ ಮಾಡ್ಕೊಂಡೂ ಓದಬಹುದು. ನನ್ನ ಹಳೇ ಬ್ಯಾಚಿನ ಮೂರು ಜನ ಈಗ ಅದನ್ನೇ ಮಾಡ್ತಿದಾರೆ. ಅವರು ಆಗ್ಲೇ ಸ್ಟಾಫ್ ನರ್ಸ್, ನಾನಿನ್ನೂ ಸ್ಟೂಡೆಂಟ್ ಬ್ಯಾಡ್ಜ್ ಹಾಕ್ಕೊಂಡಿದೀನಿ.

ಮೈಕ್ರೋಬಯಾಲಜಿ ಮಾತ್ರ ಹೋರಾಡಿ ಉಳಿಸ್ಕೊಂಡೆ. ಮಾರ್ಕ್ಸ್ ಕಾರ್ಡಲ್ಲಿ ಲ್ಯಾಬ್ ಅಂತ ಬೇರೆ ಸಾಲು ಇರ್ಲಿಲ್ಲ, ಹಾಗಾಗಿ ಬರೀ ಥಿಯರಿ ಅಂದ್ಕೊಂಡು ರಿಜೆಕ್ಟ್ ಮಾಡಿದ್ರು. ಹಳೇ ಕಾಲೇಜಿಗೆ ಫೋನ್ ಮಾಡಿದ್ರೆ ಆ ಸಬ್ಜೆಕ್ಟ್ ತಗೋತಿದ್ದ ಮೇಡಂ ಕೆಲಸ ಬಿಟ್ಟಿದ್ರು, ಆ ವರ್ಷದ ಸಿಲೆಬಸ್ ಆಫೀಸಲ್ಲೂ ಇಲ್ಲ. ಪುಣ್ಯಕ್ಕೆ ನನ್ನ ಲ್ಯಾಬ್ ರೆಕಾರ್ಡ್ ಮನೇಲಿತ್ತು, ಗ್ರಾಮ್ ಸ್ಟೈನಿಂಗ್, ಕಲ್ಚರ್ ಪ್ಲೇಟ್ ಎಲ್ಲಾ ಡೇಟ್ ಸಮೇತ, ಪ್ರತಿ ಪೇಜಿಗೂ ಮೇಡಂ ಸೈನ್. ಅದನ್ನ ಸ್ಕ್ಯಾನ್ ಮಾಡಿ ಅರ್ಜಿ ಜೊತೆ ಕೊಟ್ಟೆ, ಮೂರು ವಾರಕ್ಕೆ ಒಪ್ಪಿದ್ರು. ಅದಕ್ಕೇ ಹೇಳ್ತೀನಿ, ಪ್ರತಿ ಸಬ್ಜೆಕ್ಟಿನ ಸಿಲೆಬಸ್, ವಾರಕ್ಕೆಷ್ಟು ಗಂಟೆ ಥಿಯರಿ ಎಷ್ಟು ಗಂಟೆ ಲ್ಯಾಬ್, ಯಾವ ಪುಸ್ತಕ, ಲ್ಯಾಬ್ ರೆಕಾರ್ಡ್, ಇವನ್ನೆಲ್ಲಾ ಆ ಕ್ಲಾಸ್ ನಡೀತಿರುವಾಗ್ಲೇ ಸೇವ್ ಮಾಡಿಟ್ಕೊಳ್ಳಿ. ಮತ್ತೆ ಮೊದಲ ಸಲದ ರಿಪೋರ್ಟೇ ಕೊನೆ ಅಂತ ಅಂದ್ಕೊಂಡು ಸುಮ್ನಾಗ್ಬೇಡಿ, ಅಪೀಲ್ ಮಾಡೋ ದಾರಿ ಇದೆಯಾ ಅಂತ ಕೇಳಿ.

ಇನ್ನೆರಡು ಬೇಗ ಹೇಳ್ತೀನಿ. ಸೈನ್ಸ್ ಸಬ್ಜೆಕ್ಟಿಗೆ ಎಷ್ಟೋ ಕಡೆ ಎಕ್ಸ್‌ಪೈರಿ ಇದೆ, 5 ವರ್ಷ, 7 ವರ್ಷ, ಹೀಗೆ ಒಂದೊಂದು ಕಡೆ ಒಂದೊಂದು, ನಡುವೆ ಓದು ಬಿಟ್ಟು ಮಕ್ಕಳು ಮನೆ ಅಂತ ಆಗಿ ವಾಪಸ್ ಬರೋ ಅಕ್ಕಂದಿರಿಗೆ ಇದು ತುಂಬಾ ತೊಂದ್ರೆ ಕೊಡುತ್ತೆ. ಎರಡನೇದು, ಕೆಮಿಸ್ಟ್ರೀಲಿ ನಂಗೆ ಮೊದಲು ಸಿ ಬಂದಿತ್ತು, ಮತ್ತೆ ಬರೆದು ಎ ತಗೊಂಡಿದ್ದೆ. ಹಳೇ ಕಾಲೇಜು ಆ ಸಿ ತೆಗೆದುಹಾಕಿ ಎ ಮಾತ್ರ ಲೆಕ್ಕ ಹಾಕಿತ್ತು. ಇಲ್ಲಿ ನರ್ಸಿಂಗ್ ಡಿಪಾರ್ಟ್‌ಮೆಂಟ್ ಎರಡನ್ನೂ ಸೇರಿಸಿ ಆವರೇಜ್ ಮಾಡ್ತು. ನಿಮ್ಮ ಹಳೇ ಜಿಪಿಎ (ಎಲ್ಲಾ ಗ್ರೇಡಿನ ಆವರೇಜ್) ಹೊಸ ಕಡೆ ಅದೇ ಇರುತ್ತೆ ಅಂತ ನಂಬ್ಕೊಂಡು ಅಪ್ಲೈ ಮಾಡ್ಬೇಡಿ.

ಆ ದಿನಗಳಲ್ಲಿ ತುಂಬಾ ಬೇಜಾರಾಗಿ ಇನ್ನೊಂದು ತಪ್ಪು ಮಾಡೋದ್ರಲ್ಲಿದ್ದೆ. ಒಂದು ಪ್ರೈವೇಟ್ ಸಂಸ್ಥೆಯವರು ನಿಮ್ಮ ಎಲ್ಲಾ ಕ್ರೆಡಿಟ್ ತಗೋತೀವಿ, ಕ್ಲಿನಿಕಲ್ಸೂ ಮನ್ನಾ, ಒಂದೂವರೆ ವರ್ಷಕ್ಕೆ ಡಿಗ್ರಿ ಅಂತ ದಿನಾ ಫೋನ್ ಮಾಡ್ತಿದ್ರು. ಅಡ್ವಾನ್ಸ್ ಕಟ್ಟೋಕೆ ಹೊರಟಿದ್ದೆ. ನಮ್ಮಣ್ಣ ತಡೆದು, ಲೈಸೆನ್ಸ್ ಕೊಡೋ ಕೌನ್ಸಿಲ್ಲಿನ ಪಟ್ಟೀಲಿ ಇವರ ಹೆಸರಿದೆಯಾ ನೋಡು ಅಂದ. ನೋಡಿದ್ರೆ ಇಲ್ಲ. ಒಪ್ಪಿಗೆ ಇಲ್ಲದ ಕೋರ್ಸ್ ಮಾಡಿದ್ರೆ ಲೈಸೆನ್ಸ್ ಪರೀಕ್ಷೆಗೇ ಕೂರಿಸಲ್ಲ, ಡಿಗ್ರಿ ಕಾಗದ ಗೋಡೆಗೆ ಹಾಕ್ಕೊಳ್ಳೋದಷ್ಟೇ. ಅಮೆರಿಕದಲ್ಲಿ 2023ರ ಜನವರೀಲಿ ಆಪರೇಷನ್ ನೈಟಿಂಗೇಲ್ ಅಂತ ದೊಡ್ಡ ಪ್ರಕರಣ ಹೊರಗೆ ಬಂತು, ಫ್ಲೋರಿಡಾದ ಮೂರು ನರ್ಸಿಂಗ್ ಸ್ಕೂಲುಗಳ ಹೆಸರಲ್ಲಿ 7,600ಕ್ಕೂ ಜಾಸ್ತಿ ನಕಲಿ ಡಿಪ್ಲೊಮಾ, ಮಾರ್ಕ್ಸ್ ಕಾರ್ಡ್ ಮಾರಿದ್ರು. ಆ ಕಾಗದ ತೋರಿಸಿ ಕೆಲಸಕ್ಕೆ ಸೇರಿದ್ದ ನರ್ಸ್‌ಗಳ ಲೈಸೆನ್ಸನ್ನ ಮತ್ತೆ ಪರಿಶೀಲನೆ ಮಾಡೋ ಹಾಗಾಯ್ತು. ನರ್ಸಿಂಗಲ್ಲಿ ಮಾರ್ಕ್ಸ್ ಕಾರ್ಡ್ ಸೀಲ್ ಕವರಲ್ಲೇ ಬರ್ಬೇಕು, ಕಾಲೇಜಿಂದ ನೇರವಾಗೇ ಬರ್ಬೇಕು ಅಂತ ಅಷ್ಟು ಹಠ ಹಿಡಿಯೋದು ಸುಮ್ನೆ ಅಲ್ಲ, ಕೊನೆಗೆ ಆ ಕೈಯಲ್ಲಿ ಇಂಜೆಕ್ಷನ್ ತಗೊಳ್ಳೋದು ಒಬ್ಬ ಪೇಷೆಂಟು.

ಕೊನೆಗೆ ಮುಂದಿನ ವರ್ಷ ನರ್ಸಿಂಗ್ ಸೀಟೂ ಸಿಕ್ತು. (ಮೊದಲ ವರ್ಷದ ಲಾಸ್ಟ್ ಡೇಟ್ ನಾನು ಸೇರೋಕೆ ಒಂದು ತಿಂಗಳು ಮುಂಚೇನೇ ಮುಗಿದಿತ್ತು.) ಸೀಟ್ ಸಿಕ್ಕಿದ್ಮೇಲೂ ವಾರ್ಡಿಗೆ ಬಿಡೋ ಮುಂಚೆ ಹೆಲ್ತ್ ಪೇಪರ್ಸ್ ಕೇಳ್ತಾರೆ, ಅಲ್ಲೂ ಸಿಕ್ಕಾಕ್ಕೊಂಡೆ. ಚಿಕ್ಕಂದಿನ ವ್ಯಾಕ್ಸಿನ್ ಕಾರ್ಡ್ ಇರ್ಲಿಲ್ಲ. ಹೆಪಟೈಟಿಸ್ ಬಿ ಆಂಟಿಬಾಡಿ ಟೆಸ್ಟಲ್ಲಿ 10ಕ್ಕಿಂತ ಕಮ್ಮಿ, ಅಂದ್ರೆ ರಕ್ಷಣೆ ಸಾಲದು ಅಂತ ಬಂತು, ಮತ್ತೆ ಮೂರು ಡೋಸ್, ಮೊದಲನೇದು, ಒಂದು ತಿಂಗಳಿಗೆ ಎರಡನೇದು, ಆರನೇ ತಿಂಗಳಿಗೆ ಮೂರನೇದು, ಅದಾಗಿ ಒಂದೆರಡು ತಿಂಗಳಿಗೆ ಮತ್ತೆ ಟೆಸ್ಟ್. ಪುಣ್ಯಕ್ಕೆ ಡೋಸ್ ನಡೀತಿದ್ರೂ ಸೇರಿಸ್ಕೊಂಡ್ರು. ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ವ್ಯಾಕ್ಸಿನ್) ಹಾಕಿಸ್ಕೊಂಡು ಮೂರನೇ ದಿನ ಟಿಬಿ ಸ್ಕಿನ್ ಟೆಸ್ಟಿಗೆ ಹೋದ್ರೆ ವಾಪಸ್ ಕಳಿಸಿದ್ರು. ಆ ವ್ಯಾಕ್ಸಿನ್ ಮತ್ತು ಈ ಟೆಸ್ಟ್ ಒಂದೇ ದಿನ ಮಾಡಿಸ್ಬೇಕು, ಇಲ್ಲಾಂದ್ರೆ ವ್ಯಾಕ್ಸಿನ್ ಆಗಿ ಕಮ್ಮಿ ಅಂದ್ರೂ 4 ವಾರ ಕಾಯ್ಬೇಕು, ಇಲ್ಲದಿದ್ರೆ ಟೆಸ್ಟ್ ತಪ್ಪಾಗಿ ನೆಗೆಟಿವ್ ತೋರಿಸಬಹುದಂತೆ. ಟೆಸ್ಟ್ ಹಾಕಿದ್ಮೇಲೆ 48ರಿಂದ 72 ಗಂಟೆ ಒಳಗೆ ಹೋಗಿ ಕೈ ತೋರಿಸ್ಬೇಕು, ನಮ್ಮಲ್ಲಿ ಎರಡು ಸಲದ ಟೆಸ್ಟ್ ಕೇಳ್ತಾರೆ, ಎರಡನೇದು ಒಂದರಿಂದ ಮೂರು ವಾರ ಬಿಟ್ಟು. ಇಷ್ಟಕ್ಕೇ ಎರಡು ತಿಂಗಳು ಹತ್ರ ಹಿಡೀತು, ಲಾಸ್ಟ್ ಡೇಟಿಗೆ ಎರಡು ದಿನ ಇರುವಾಗ ಪೇಪರ್ ಕೊಟ್ಟೆ. ಟ್ರಾನ್ಸ್‌ಫರ್ ಯೋಚ್ನೆ ಬಂದ ದಿನವೇ ಈ ಕೆಲಸ ಶುರು ಮಾಡಿ.

ಜೂನಿಯರ್ ಸೀಟ್ ಕ್ಯಾನ್ಸಲ್ ಮಾಡಿಸ್ಲಿಲ್ಲ. ಫೋನ್ ಇಟ್ಟ ರಾತ್ರಿ ಇಬ್ರೂ ಸೇರಿ ಒಂದು ಮೇಲ್ ಬರೆದ್ವಿ, ಅಡ್ಮಿಷನ್ ಕೌಂಟರಿಗೆ ಅಲ್ಲ, ನೇರವಾಗಿ ನರ್ಸಿಂಗ್ ಡಿಪಾರ್ಟ್‌ಮೆಂಟಿಗೆ. ಅವಳು ಓದಿದ ಆರು ಸಬ್ಜೆಕ್ಟ್ ಹೆಸರು, ಕೋಡ್, ಗಂಟೆ ಎಲ್ಲಾ ಹಾಕಿ, ಒಂದೊಂದೂ ಇಲ್ಲಿಯ ಯಾವ ಸಬ್ಜೆಕ್ಟಿಗೆ ಬದಲಾಗಿ ಲೆಕ್ಕಕ್ಕೆ ಬರುತ್ತೆ, ಅವಳಿಗೆ ಯಾವ ವರ್ಷದ ಬ್ಯಾಚಲ್ಲಿ ಸೀಟ್, ಅದು ಖಚಿತಾನಾ ಇಲ್ಲಾ ಬೇರೆ ಅಪ್ಲಿಕೇಷನ್ ಹಾಕ್ಬೇಕಾ ಅಂತ ಕೇಳಿದ್ವಿ. ನಾಲ್ಕು ದಿನಕ್ಕೆ ಉತ್ತರ ಬಂತು. ಆರರಲ್ಲಿ ನಾಲ್ಕು ಬರುತ್ತೆ, ಅನಾಟಮಿ ಪೂರ್ತಿ ಮುಗಿಸಿ ಬಾ, ನರ್ಸಿಂಗಿಗೆ ಬೇರೆ ಅಪ್ಲೈ ಮಾಡ್ಬೇಕು ಅಂತ ಸ್ಪಷ್ಟವಾಗಿ ಬರೆದಿದ್ರು. ಅವಳು ಆ ಮೇಲ್ ಪ್ರಿಂಟ್ ತೆಗೆದಿಟ್ಕೊಂಡು ಹಳೇ ಕಾಲೇಜಲ್ಲೇ ಮೂರನೇ ಟರ್ಮಿನ ಫೀಸ್ ಕಟ್ಟಿದಾಳೆ.