ಅಪ್ಪ ಅಮ್ಮಂಗೆ ಸೆಕೆಂಡ್ ಹ್ಯಾಂಡ್ ಥಿಂಕ್‌ಪ್ಯಾಡ್, ಅದರಲ್ಲಿ ಲಿನಕ್ಸ್ ಮಿಂಟ್: ಎರಡು ವರ್ಷ ದಾಟಿದ ಮೇಲಿನ ರಿವ್ಯೂ

ಗೇಮ್ ಆಡೋರು, ವಿಡಿಯೋ ಎಡಿಟ್ ಮಾಡೋರು ಇಲ್ಲೇ ನಿಲ್ಲಿಸ್ಬಹುದು. ಊರಲ್ಲಿ ಅರವತ್ತು ದಾಟಿದ ಅಪ್ಪ ಅಮ್ಮ ಇದ್ದಾರೆ, ನಾವು ಬೆಂಗಳೂರಲ್ಲಿ, ಇಪ್ಪತ್ತು ಸಾವಿರದ ಆಸುಪಾಸಲ್ಲಿ ಒಂದು ಲ್ಯಾಪ್‌ಟಾಪ್ ಕೊಡಿಸ್ಬೇಕು, ಕೊಡಿಸಿದ್ಮೇಲೆ ದಿನಾ ಸಂಜೆ "ಅದೇನೋ ಬರ್ತಿದೆ ನೋಡಾ" ಅಂತ ಫೋನ್ ಬರಬಾರದು ಅನ್ನೋರಿಗೆ ಮಾತ್ರ ಇದು.

ನಮ್ಮನೆ ತೀರ್ಥಹಳ್ಳಿ ಕಡೆ. ಅಪ್ಪ ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು, ಕನ್ನಡದಲ್ಲಿ ಟೈಪ್ ಮಾಡ್ತಾರೆ, ಪಹಣಿ ತೆಗೀತಾರೆ, ಜುಲೈ ಬಂತಂದ್ರೆ ಐಟಿ ರಿಟರ್ನ್ಸ್ ತಾವೇ ತುಂಬ್ತಾರೆ. ಅಮ್ಮಂಗೆ ಯೂಟ್ಯೂಬು, ಫೋಟೋ, ರಾತ್ರಿ ಅಕ್ಕನ ಜೊತೆ ವಿಡಿಯೋ ಕಾಲ್. ಅಷ್ಟೇ ಕೆಲಸ. ಇಷ್ಟಕ್ಕೆ ಹೊಸ ಲ್ಯಾಪ್‌ಟಾಪ್ ನೋಡಿದ್ರೆ ಈ ರೇಟಿಗೆ ಸಿಗೋದು ಸೆಲೆರಾನ್ ಪ್ರೊಸೆಸರು, 4 ಜಿಬಿ ರ‍್ಯಾಮು, 64 ಜಿಬಿ ಇಎಂಎಂಸಿ ಸ್ಟೋರೇಜು, ಅದೂ ಬೋರ್ಡಿಗೇ ಬೆಸುಗೆ ಹಾಕಿರೋದು, ನಾಳೆ ಸಾಲಲ್ಲ ಅಂದ್ರೆ ಏನೂ ಮಾಡೋಕಾಗಲ್ಲ. ಕ್ರೋಮ್‌ಬುಕ್ಕೂ ಯೋಚನೆ ಮಾಡಿದ್ದೆ, ಆದ್ರೆ ಮಳೆಗಾಲದಲ್ಲಿ ನಮ್ಮೂರ ನೆಟ್ಟಿನ ಗತಿ ಗೊತ್ತಿರೋರು ಯಾರೂ ಆಫ್‌ಲೈನ್ ಕೆಲಸಕ್ಕೆ ಅದನ್ನ ತಗೊಳಲ್ಲ.

ಅದಕ್ಕೆ ಬೆಂಗಳೂರಿನ ಎಸ್.ಪಿ. ರೋಡಲ್ಲಿ ಒಂದು ಲೆನೊವೊ ಥಿಂಕ್‌ಪ್ಯಾಡ್ ಟಿ480 ಹಿಡಿದೆ. 2018ರ ಮಾಡೆಲ್ಲು, 8ನೇ ಜನರೇಶನ್ ಐ5, 8 ಜಿಬಿ ರ‍್ಯಾಮ್, 256 ಜಿಬಿ ಎಸ್ಎಸ್‌ಡಿ, ಯಾವುದೋ ಕಂಪನಿ ಲೀಸ್ ಮುಗಿಸಿ ಬಿಸಾಕಿದ್ದು. ಕಮ್ಮಿಗೆ ಸಿಗುತ್ತೆ ಅಂತ 7ನೇ ಜನರೇಶನ್ ಟಿ470 ತಗೊಳೋರು ಒಂದು ನೆನಪಿಡಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ಮುಗೀತು, ವಿಂಡೋಸ್ 11 ಒಪ್ಪೋ ಪ್ರೊಸೆಸರುಗಳ ಲಿಸ್ಟಲ್ಲಿ ಇಂಟೆಲ್ ಶುರುವಾಗೋದೇ ಹೆಚ್ಚುಕಮ್ಮಿ 8ನೇ ಜನರೇಶನ್ನಿಂದ. ನೀವು ನನ್ನ ಥರ ವಿಂಡೋಸ್ ತೆಗೆದು ಲಿನಕ್ಸೇ (ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಹಾಕಿದ್ರೂ ಮುಂದೆ ವಿಂಡೋಸಿಗೆ ವಾಪಸ್ ಹೋಗೋ ದಾರಿ ಇರ್ಲಿ.

ಅಂಗಡೀಲಿ ಪ್ರೊಸೆಸರ್ ಹೆಸರು ಕೇಳೋದಕ್ಕಿಂತ ಸ್ಕ್ರೀನ್ ನೋಡಿ. ಇದೇ ಟಿ480ಯಲ್ಲಿ 1366x768 ರೆಸಲ್ಯೂಶನ್ನಿನ ಟಿಎನ್ ಅನ್ನೋ ಅಗ್ಗದ ಪ್ಯಾನೆಲ್ಲೂ ಬರುತ್ತೆ, ಫುಲ್ ಎಚ್‌ಡಿ ಐಪಿಎಸ್ ಅನ್ನೋ ಒಳ್ಳೇದೂ ಬರುತ್ತೆ, ಹೊರಗಿಂದ ಎರಡೂ ಒಂದೇ ಥರ. ಸ್ಕ್ರೀನನ್ನ ಹಿಂದಕ್ಕೆ ಬಾಗಿಸಿ ಕೆಳಗಿಂದ ನೋಡಿ, ಬಣ್ಣ ಕೆಟ್ಟು ಕಪ್ಪು ಬಿಳಿ ಅದಲುಬದಲು ಆದಂಗೆ ಕಂಡ್ರೆ ಅದು ಟಿಎನ್, ಬೇಡ ಅನ್ನಿ, ವಯಸ್ಸಾದ ಕಣ್ಣಿಗೆ ಐನೂರೋ ಸಾವಿರಾನೋ ಜಾಸ್ತಿ ಕೊಟ್ಟಾದ್ರೂ ಐಪಿಎಸ್ಸೇ ಬೇಕು. ಎರಡನೇದು, ಆನ್ ಮಾಡೋವಾಗ ಎಫ್1 ಒತ್ತಿ ಬಯೋಸ್ (ವಿಂಡೋಸ್ ಶುರುವಾಗೋ ಮುಂಚಿನ ಸೆಟ್ಟಿಂಗ್ಸ್) ಒಳಗೆ ಹೋಗಿ, ಸೂಪರ್‌ವೈಸರ್ ಪಾಸ್‌ವರ್ಡ್ ಕೇಳಿದ್ರೆ ಕಂಪನಿಯವರು ಹಾಕಿದ ಬೀಗ ಇನ್ನೂ ಇದೆ ಅಂತ ಅರ್ಥ, ಎಷ್ಟು ಕಮ್ಮಿ ಅಂದ್ರೂ ಮುಟ್ಬೇಡಿ. ಆಮೇಲೆ ನೋಟ್‌ಪ್ಯಾಡ್ ತೆಗೆದು ಒಂದೊಂದೇ ಕೀ ಒತ್ತಿ ನೋಡಿ. ಅಂಗಡಿಯವನು ಮುಖ ಸಿಂಡರಿಸ್ತಾನೆ, ಸಿಂಡರಿಸ್ಲಿ ಬಿಡಿ.

ಈಗ ಸಾಫ್ಟ್‌ವೇರು. ಯಾಕೆ ಲಿನಕ್ಸ್ ಮಿಂಟ್ ಅಂದ್ರೆ ಸ್ಪೀಡಿಗಲ್ಲ, ಫ್ರೀ ಅಂತಾನೂ ಅಲ್ಲ. ಇವತ್ತು ಎಲ್ಲಿಟ್ಟಿದ್ದೀವೋ ಮುಂದಿನ ವರ್ಷಾನೂ ಅಲ್ಲೇ ಇರುತ್ತೆ, ಅದಕ್ಕೆ. ಅಪ್ಪ ಕಂಪ್ಯೂಟರ್ ಕಲಿತಿರೋದು ಅಡುಗೆಮನೆ ಡಬ್ಬಿ ಲೆಕ್ಕದಲ್ಲಿ, ಯಾವ ಶೆಲ್ಫಲ್ಲಿ ಏನು ಅಂತ ಕೈಗೆ ಗೊತ್ತು, ಡಬ್ಬಿ ಜಾಗ ಬದಲಾದ್ರೆ ಇಡೀ ದಿನ ಕೆಟ್ಟಂಗೆ. ಮಿಂಟ್ 21ರಿಂದ 22ಕ್ಕೆ ದೀಪಾವಳಿ ರಜೇಲಿ ನಾನೇ ಅಪ್‌ಗ್ರೇಡ್ ಮಾಡಿದೆ, ಅಪ್ಪಂಗೆ ಗೊತ್ತೇ ಆಗ್ಲಿಲ್ಲ, ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನನಗೆ ಬೇಡ. 22ಕ್ಕೆ 2029ರವರೆಗೆ ಅಪ್‌ಡೇಟ್ ಇದೆ. ಏನಾದ್ರೂ ಎಡವಟ್ಟಾದ್ರೆ ಟೈಮ್‌ಶಿಫ್ಟ್ ಅಂತ ಇದೆ, ಹಿಂದಿನ ವಾರದ ಸ್ಥಿತಿಗೆ ಸಿಸ್ಟಮ್ಮನ್ನ ವಾಪಸ್ ತರುತ್ತೆ, ಮೊದಲ ದಿನಾನೇ ಆನ್ ಮಾಡಿಡಿ. ಫಾಂಟ್ ಸೆಟ್ಟಿಂಗಲ್ಲಿ ಟೆಕ್ಸ್ಟ್ ಸ್ಕೇಲಿಂಗ್ 1.3 ಮಾಡಿ, ಮೌಸ್ ಬಾಣ ದಪ್ಪ ಮಾಡಿ.

ಕನ್ನಡದ ವಿಷಯ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ಬಹಳ ಜನ ಇಲ್ಲೇ ಹೆದರಿ ಹಿಂದೆ ಸರೀತಾರೆ. ಅಪ್ಪಂಗೆ ನುಡಿ ಕೀಬೋರ್ಡ್ ಬಿಟ್ಟು ಬೇರೆ ಬರಲ್ಲ, ಕೆ.ಪಿ. ರಾವ್ ಲೇಔಟು ಬೆರಳಿಗೇ ಕೂತ್ಬಿಟ್ಟಿದೆ, ಒತ್ತಕ್ಷರ ಬೇಕಂದ್ರೆ ನಡುವೆ ಎಫ್. ‘ಅಮ್ಮ’ ಅನ್ನೋಕೆ ಎ, ಎಮ್, ಎಫ್, ಎಮ್. ಇದು ಲಿನಕ್ಸಲ್ಲೂ ಇದೆ ಸ್ವಾಮಿ! ಬೇರೆ ಭಾಷೆ ಟೈಪ್ ಮಾಡಿಸೋ ಐಬಸ್ ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕಿ, ಕನ್ನಡದ ಕೆಳಗೆ ಕೆಜಿಪಿ ಅಂತ ಇರೋ ಇದೇ ಲೇಔಟನ್ನ ಸೇರಿಸಿ, ವಿಂಡೋಸ್ ಗುರುತಿನ ಕೀ ಜೊತೆ ಸ್ಪೇಸ್ ಒತ್ತಿದ್ರೆ ಕನ್ನಡ, ಮತ್ತೆ ಒತ್ತಿದ್ರೆ ಇಂಗ್ಲಿಷು. ಅಪ್ಪ ಅರ್ಧ ಪುಟ ಟೈಪ್ ಮಾಡಿ "ಇದು ನುಡೀನೇ ಅಲ್ವೇನೋ" ಅಂದ್ರು. ತೊಂದರೆ ಬರೋದು ಹಳೇ ಫೈಲುಗಳಲ್ಲಿ. ಹದಿನೈದು ಇಪ್ಪತ್ತು ವರ್ಷದ ಹಿಂದೆ ಸ್ಕೂಲಲ್ಲಿ ಮಾಡಿದ ಪ್ರಶ್ನೆಪತ್ರಿಕೆ, ಪತ್ರ ಎಲ್ಲ ಯೂನಿಕೋಡ್ (ಎಲ್ಲಾ ಕಂಪ್ಯೂಟರಲ್ಲೂ ಓದ್ಬಹುದಾದ ಅಕ್ಷರ ಪದ್ಧತಿ) ಅಲ್ಲದ ನುಡಿ ಫಾಂಟಲ್ಲಿ ಇರೋದು, ಆ ಫಾಂಟ್ ಇಲ್ಲದೆ ತೆಗೆದ್ರೆ ಬರೀ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ. ಹಳೇ ಫಾಂಟ್ ಫೈಲನ್ನೇ ತಂದು ಹಾಕಿದ್ರೆ ಲಿಬ್ರೆಆಫೀಸಲ್ಲಿ (ವರ್ಡ್ ಬದಲಿಗೆ ಮಿಂಟಲ್ಲಿ ಇರೋದು) ಓದ್ಬಹುದು, ಆದ್ರೆ ಮುಂದಕ್ಕೆ ಬೇಕಾದ್ದನ್ನ ಯೂನಿಕೋಡಿಗೆ ಕನ್ವರ್ಟ್ ಮಾಡಿ ಇಟ್ಕೊಳ್ಳಿ, ನಾನೂ ಒಂದು ಭಾನುವಾರ ಪೂರ್ತಿ ಕೂತು ಅದೇ ಮಾಡಿದ್ದು. ಪರಿವರ್ತನೆ ಆದ್ಮೇಲೆ ಅರ್ಕಾವತ್ತು ಇರೋ ಪದಗಳನ್ನ ಒಮ್ಮೆ ಕಣ್ಣಾಡಿಸಿ.

ಬ್ರೌಸರಲ್ಲಿ ಒಂದು ಕೆಲಸ ಮರೀಬೇಡಿ. "ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ" ಅಂತ ಮೂಲೇಲಿ ಬರುತ್ತಲ್ಲ, ಅದು ಬಹುಪಾಲು ವೈರಸ್ಸೇ ಅಲ್ಲ, ಯಾವುದೋ ಸೈಟಿಗೆ ನೋಟಿಫಿಕೇಶನ್ ಅಲೋ ಒತ್ತಿರ್ತಾರೆ. ಫೈರ್‌ಫಾಕ್ಸ್ ಸೆಟ್ಟಿಂಗಲ್ಲಿ ನೋಟಿಫಿಕೇಶನ್ ಕೇಳೋದನ್ನೇ ಬ್ಲಾಕ್ ಮಾಡಿ, ಜಾಹೀರಾತು ತಡೆಯೋ ಯುಬ್ಲಾಕ್ ಆರಿಜಿನ್ ಹಾಕಿ, ಮುಕ್ಕಾಲು ಪಾಲು ಫೋನು ಅಲ್ಲೇ ನಿಲ್ಲುತ್ತೆ. ದೂರದಿಂದ ಸ್ಕ್ರೀನ್ ನೋಡೋಕೆ ರಿಮೋಟ್ ಸಾಫ್ಟ್‌ವೇರ್ ಹಾಕಿದ್ದೀನಿ, ಆದ್ರೆ ನಾನು ಮೊದಲು ಫೋನ್ ಮಾಡಿ ಮಾತಾಡದೆ ಅದನ್ನ ಯಾರು ತೆಗಿ ಅಂದ್ರೂ ತೆಗೀಬಾರದು ಅಂತ ಕಟ್ಟುನಿಟ್ಟು, ಬ್ಯಾಂಕಿನವರು ಪೊಲೀಸರು ಅಂತ ಯಾರೇ ಹೇಳ್ಕೊಳ್ಳಲಿ. ಕೀಬೋರ್ಡ್ ಪಕ್ಕ ಚೀಟಿ ಅಂಟಿಸಿದ್ದೀನಿ, 1930, ಸೈಬರ್ ಕ್ರೈಮ್ ಸಹಾಯವಾಣಿ.

ಆಗದೇ ಇರೋದೂ ಇದೆ. ಲಿನಕ್ಸಿಗೆ ಅಧಿಕೃತ ವಾಟ್ಸಾಪ್ ಆ್ಯಪ್ ಇಲ್ಲ, ಬ್ರೌಸರಲ್ಲೇ ವೆಬ್ ತೆಗೆದು ಮೆಸೇಜು ಫೋಟೋ ನೋಡ್ಬೇಕು, ನಾನು ಹಾಕಿದಾಗ ಅದರಲ್ಲಿ ವಿಡಿಯೋ ಕಾಲ್ ಇರ್ಲಿಲ್ಲ, ಹಾಗಾಗಿ ಅಮ್ಮನ ವಿಡಿಯೋ ಕಾಲ್ ಗೂಗಲ್ ಮೀಟಿಗೆ ಹಾಕ್ಬಿಟ್ಟೆ, ಒಂದೇ ಲಿಂಕು, ಬುಕ್‌ಮಾರ್ಕ್ ಬಾರಲ್ಲಿ ಅಕ್ಕನ ಹೆಸರಲ್ಲಿ ಕೂತಿದೆ. ನವೆಂಬರಲ್ಲಿ ಪಿಂಚಣಿಗೆ ಜೀವನ ಪ್ರಮಾಣ ಮಾಡೋದಂತೂ ಈಗ ಆಂಡ್ರಾಯ್ಡ್ ಫೋನಲ್ಲಿ ಮುಖ ತೋರಿಸಿದ್ರೆ ಆಗುತ್ತೆ, ಲ್ಯಾಪ್‌ಟಾಪ್ ಬೇಕಿಲ್ಲ. ಮನೇಲಿದ್ದ ಹಳೇ ಲೇಸರ್ ಪ್ರಿಂಟರ್ ಮಾತ್ರ ಏನು ಮಾಡಿದ್ರೂ ಸರಿ ಹೋಗ್ಲಿಲ್ಲ, ಕೊನೆಗೆ ಚಿಕ್ಕಪ್ಪನ ಅಂಗಡಿಗೆ ಕೊಟ್ಟು ಏರ್‌ಪ್ರಿಂಟ್ ಸಪೋರ್ಟ್ ಇರೋ ವೈಫೈ ಪ್ರಿಂಟರ್ ತಂದೆ, ಅದು ಡ್ರೈವರ್ ಕೇಳದೆ ತಾನೇ ಕಾಣಿಸ್ಕೊಳ್ತು. ಡಿಜಿಟಲ್ ಸಿಗ್ನೇಚರ್ ಡಾಂಗಲ್ ಬಳಸೋ ಗುತ್ತಿಗೆದಾರರು, ಟ್ಯಾಲಿ ಇಟ್ಕೊಂಡಿರೋ ವ್ಯಾಪಾರಸ್ಥರು ಸುಮ್ನೆ ವಿಂಡೋಸಲ್ಲೇ ಇರಿ.

ಬ್ಯಾಟರಿ ಬಗ್ಗೆ ಒಂದು ಮಾತು. ಟಿ480ಗೆ ಎರಡು ಬ್ಯಾಟರಿ, ಒಂದು ಒಳಗೆ, ಇನ್ನೊಂದು ಹಿಂದೆ, ಹಿಂದಿನದನ್ನ ಲ್ಯಾಪ್‌ಟಾಪ್ ಆಫ್ ಮಾಡದೇನೇ ಬಿಚ್ಚಿ ಬೇರೆ ಹಾಕ್ಬಹುದು. ಆಗುಂಬೆ ಕಡೆ ಮಳೆ ಹಿಡಿದು ದಿನಗಟ್ಟಲೆ ಕರೆಂಟ್ ಹೋದಾಗ ಅಪ್ಪಂಗೆ ಇದೇ ಆಸರೆ. ನಮಗೆ ಬಂದದ್ದರಲ್ಲಿ ಹಿಂದಿನ ಬ್ಯಾಟರಿ ಒಂದು ವರ್ಷಕ್ಕೇ ಸೊರಗಿತು, ಹೊಸದು ಹಾಕ್ಸಿದ್ವಿ, ಸೆಕೆಂಡ್ ಹ್ಯಾಂಡ್ ತಗೊಳೋವಾಗ ಈ ಖರ್ಚನ್ನ ಮೊದಲೇ ಲೆಕ್ಕಕ್ಕೆ ಹಿಡೀರಿ. ಅಂಗಡೀಲೇ ನೋಡ್ಬೇಕಂದ್ರೆ ವಿಂಡೋಸಲ್ಲಿ ಬ್ಯಾಟರಿ ರಿಪೋರ್ಟ್ ತೆಗೆಸಿ, ಡಿಸೈನ್ ಕೆಪಾಸಿಟಿ ಎಷ್ಟು, ಈಗ ಫುಲ್ ಚಾರ್ಜಿಗೆ ಎಷ್ಟು ನಿಲ್ತಿದೆ ಅಂತ ಎರಡೂ ನಂಬರ್ ಇರುತ್ತೆ. ಅರ್ಧಕ್ಕಿಂತ ಕಮ್ಮಿ ಇದ್ರೆ ರೇಟಲ್ಲಿ ಇಳಿಸಿ, ಇಲ್ಲಾ ಬೇರೆ ಬ್ಯಾಟರಿ ಹಾಕ್ಕೊಡಿ ಅಂತ ಅಲ್ಲೇ ಕೇಳಿ. ಬಿಲ್ಲಲ್ಲಿ ಸೀರಿಯಲ್ ನಂಬರ್ ಬರೆಸ್ಕೊಳ್ಳಿ.